ಅಗ್ರಾರೋಹಣ ಮೀಮಾಂಸೆ: ಅಣ್ಣಿಗೇರಿ ಬಸ್ ನಿಲ್ದಾಣದಿಂದ ಅರಬ್ಬಿ ಸಮುದ್ರದವರೆಗೆ

ಈ ಶಾಸ್ತ್ರಗ್ರಂಥಕ್ಕೆ ನಿಮಿತ್ತ ಒಂದು ಫೋನು. ಪುಣೆಯಲ್ಲಿರುವ ನಮ್ಮ ಅಣ್ಣನ ಮಗ ಒಂದು ರಾತ್ರಿ ಊಟದ ಹೊತ್ತಿಗೆ ಫೋನ್ ಹಚ್ಚಿ, "ಕಾಕಾ, ಅವ್ವನ್ನ ಕರ್ಕೊಂಡು ಮುಂಬೈಯಿಂದ ಗೋವಾಕ್ಕ ಹಡಗನ್ಯಾಗ ಹೊಂಟೇವಿ. ಎಲ್ಲಾರಕಿಂತ ಮೊದ್ಲ ಹತ್ತಸ್ತೀವಿ, ತಲಿಗೆ ಒಂದೂವರಿ ಸಾವಿರ ಹೆಚ್ಚಿಗಿ ಕೊಡ್ರಿ ಅನ್ನಾಕತ್ತಾರ. ಕೊಡ್ಲೋ ಬ್ಯಾಡೋ?" ಎಂದ. ಅಣ್ಣಿಗೇರಿಗೂ ಸಮುದ್ರಕ್ಕೂ ನಡುವೆ ಇಡೀ ಸಹ್ಯಾದ್ರಿ ಅಡ್ಡ ಮಲಗಿದೆ. ಆದರೂ ಹುಡುಗ ಕೇಳಬೇಕಾದವರನ್ನೇ ಕೇಳಿದ್ದ. ಇಪ್ಪತ್ತೆರಡು ವರ್ಷ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಅಪ್‌ಡೌನ್ ಮಾಡಿ ನಿವೃತ್ತನಾದ ನನಗಿಂತ ಈ ವಿಷಯದಲ್ಲಿ ಅಧಿಕಾರಿಗಳು ಯಾರಿದ್ದಾರೆ? "ನಾಳೆ ಹೇಳ್ತೇನಿ" ಎಂದವನು ಬರೆಯಲು ಕೂತೆ.

ಮೊದಲು ಶಬ್ದವಿಚಾರ. ದುಡ್ಡು ಕೊಟ್ಟೋ ಮೊಣಕೈ ಕೊಟ್ಟೋ ಉಳಿದವರಿಗಿಂತ ಮುಂಚೆ ವಾಹನ ಏರುವ ಕ್ರಿಯೆಗೆ ಅಗ್ರಾರೋಹಣ ಎಂದು ಹೆಸರು. ಶಬ್ದ ಪ್ರಾಚೀನವಲ್ಲ, ಆ ರಾತ್ರಿ ನಾನೇ ಮಾಡಿದ್ದು. ಅಗ್ರ, ಆರೋಹಣ ಎಂದು ಎರಡು ಪದ. ಮೊದಲನೆಯದರ ತುದಿಯ ಅಕಾರವೂ ಎರಡನೆಯದರ ತಲೆಯ ಆಕಾರವೂ ಒಂದೇ ಸೀಟಿಗೆ ಬಂದಾಗ, ಒಂದು ಮತ್ತೊಂದರ ತೊಡೆಯ ಮೇಲೆ ಕೂತು ಎರಡೂ ಸೇರಿ ದೀರ್ಘವಾಗುತ್ತವೆ. ಇದನ್ನು ವೈಯಾಕರಣರು ಸವರ್ಣದೀರ್ಘ ಸಂಧಿ ಎನ್ನುತ್ತಾರೆ. ಕಂಡಕ್ಟರು "ಸ್ವಲ್ಪ ಸರೀರಿ, ಮೂರ ಮಂದಿ ಸೀಟ ಅದು" ಎನ್ನುತ್ತಾನೆ.

ಗ್ರಂಥಾಧಾರಕ್ಕೂ ದೂರ ಹೋಗಬೇಕಾಗಿಲ್ಲ. ಪಂಪನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಕೊರೆಸಿದ ಶಾಸನದಲ್ಲಿ, ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದಿದೆ. ಅಂದಮೇಲೆ ಪಂಪ ನಮ್ಮೂರ ಮಗಳ ಮಗ. ಅವನಿಗೆ ಸಿಕ್ಕ 'ಆದಿಕವಿ' ಎಂಬ ಬಿರುದೇ ಕನ್ನಡದ ಮೊಟ್ಟಮೊದಲ ಅಗ್ರಾರೋಹಣ. ಇಲ್ಲೊಂದು ತಕರಾರಿದೆ. ಪಂಪನಿಗಿಂತ ಸುಮಾರು ನೂರು ವರ್ಷ ಹಿಂದಿನ ಕವಿರಾಜಮಾರ್ಗ ತನಗಿಂತ ಮುಂಚಿನ ಕವಿಗಳನ್ನು ಸಾಲಾಗಿ ಹೆಸರಿಸುತ್ತದೆ: ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ, ಮತ್ತೂ ಕೆಲವರು. ಅವರೆಲ್ಲ ಮೊದಲೇ ಬಸ್ಸು ಹತ್ತಿದ್ದರು, ಸೀಟನ್ನೂ ಹಿಡಿದಿದ್ದರು. ಆದರೆ ಅವರ ಕೃತಿಗಳು ನಮಗೆ ಸಿಕ್ಕಿಲ್ಲ. ಸೀಟಿಗೆ ಹಾಸಿದ ವಲ್ಲಿ, ಅಂದರೆ ಹೆಗಲ ವಸ್ತ್ರ, ಗಾಳಿಗೆ ಹಾರಿಹೋದರೆ ಸೀಟು ಆಮೇಲೆ ಬಂದು ಕೂತವನದು ಎಂಬ ನಿಯಮ ಕಾವ್ಯದಲ್ಲೂ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಪಂಪ 941ರ ಸುಮಾರಿಗೆ ಬರೆದ ವಿಕ್ರಮಾರ್ಜುನವಿಜಯದಲ್ಲಿ ರಾಜಸೂಯ ಯಾಗದ ಪ್ರಸಂಗವಿದೆ. ಅಷ್ಟು ರಾಜರು ಕಾದು ಕೂತಿರುವಾಗ ಅಗ್ರಪೂಜೆ ಕೃಷ್ಣನಿಗೆ ಸಂದಿತು. ಶಿಶುಪಾಲ ಎದ್ದು ನಿಂತ. ಪಂಡಿತರು ಇದನ್ನು ದ್ವೇಷದ ಕತೆ ಎಂದು ಓದುತ್ತಾರೆ. ನಮ್ಮ ಶಾಸ್ತ್ರದ ಪ್ರಕಾರ ಅದು ಪಾಳಿ ಮುರಿದದ್ದಕ್ಕೆ ಎದ್ದ ಮೊದಲ ಕೂಗು. ನೂರು ಬೈಗುಳ ದಾಟಿದ ಮೇಲೆ ಅವನಿಗಾದ ಗತಿಯನ್ನು ತಿಳಿದೇ ನಮ್ಮ ಮಂದಿ ಇಂದಿಗೂ ಬಸ್ಸಿನ ಬಾಗಿಲಲ್ಲಿ ಎಪ್ಪತ್ತು, ಎಂಬತ್ತಕ್ಕೆಲ್ಲ ನಿಲ್ಲಿಸುತ್ತಾರೆ.

ಇನ್ನು ಕ್ಷೇತ್ರಕಾರ್ಯ. ಅಣ್ಣಿಗೇರಿ ಹುಬ್ಬಳ್ಳಿಗೂ ಗದಗಿಗೂ ನಡುವಿನ ಊರು. ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರಕ್ಕೆ ರಾಜಧಾನಿಯಾಗಿ ಮೆರೆದದ್ದು ನಿಜ, ಈಗ ತಾಲೂಕೂ ಆಗಿದೆ. ಆದರೆ ಬಸ್ಸಿನ ದೃಷ್ಟಿಯಲ್ಲಿ ನಾವು ನಡುವಿನವರೇ. ದೊಡ್ಡ ರಸ್ತೆಯ ಬಸ್ಸುಗಳಲ್ಲಿ ಹೆಚ್ಚಿನವು ಇಲ್ಲಿ ಹುಟ್ಟುವುದಿಲ್ಲ. ತುಂಬಿಕೊಂಡೇ ಬಂದು, ಉಸಿರು ಬಿಟ್ಟು, ಹೊರಡುತ್ತವೆ. ಹಾಗಾಗಿ ಇಲ್ಲಿ ಸೀಟೆಂಬುದು ಬಸ್ಸಿನ ಜೊತೆ ಬರುವ ವಸ್ತುವಲ್ಲ, ಇಳಿಯುವವನ ಕೆಳಗೆ ಆ ಕ್ಷಣಕ್ಕೆ ಹುಟ್ಟುವ ಪದಾರ್ಥ. ಯಾರು ಏಳುತ್ತಾರೆ ಎಂದು ಹೊರಗೆ ನಿಂತೇ ಗುರುತಿಸುವುದು ಈ ವಿದ್ಯೆಯ ಮೊದಲ ಮೆಟ್ಟಿಲು. ಬುತ್ತಿಯ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡವಳು ಏಳುತ್ತಾಳೆ. ಮಗ್ಗುಲಿನವರ ಕಡೆ ತಿರುಗಿ "ಬರ್ತೀನ್ರಿ ಮತ್ತ" ಎಂದವನು ಎದ್ದೇ ಏಳುತ್ತಾನೆ. ಕಣ್ಣು ಮುಚ್ಚಿದವನನ್ನು ನಂಬಬಾರದು. ಅವನಿಗೆ ನಿದ್ದೆ ಬಂದಿಲ್ಲ, ಬಾಣಂತಿ ಬಂದು ನಿಂತಿದ್ದಾಳೆ.

ಕಿಟಕಿಯೊಳಗೆ ಒಗೆಯುವ ದ್ರವ್ಯಗಳ ಬಗ್ಗೆ ವಿಸ್ತಾರವಾಗಿ ಹೇಳಲೇಬೇಕು. ಕರ್ಚೀಫು ಕನಿಷ್ಠ, ಹಗುರ, ಗಾಳಿಗೆ ಹಾರುತ್ತದೆ, "ನಂದಲ್ಲ, ಯಾರದೋ ಬಿದ್ದಿತ್ತು" ಎಂದು ಕೆಳಗೆ ಕೊಡವಿಬಿಡಲೂ ಸಲೀಸು. ವಲ್ಲಿ ಮಧ್ಯಮ. ಉದ್ದವಿದ್ದರೆ ಎರಡು ಸೀಟಿಗೆ ಹಾಸುತ್ತದೆ, ಹೆಗಲಿನ ಬೆವರಿನ ವಾಸನೆಯಿಂದ ಒಡೆತನವನ್ನೂ ಸಾರುತ್ತದೆ. ಚೀಲ ಉತ್ತಮ, ಒಣಮೆಣಸಿನಕಾಯಿಯ ಚೀಲವಾದರೆ ಅತ್ಯುತ್ತಮ, ಯಾರೂ ಅದನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ ಎನ್ನುವುದಿಲ್ಲ. ಚಪ್ಪಲಿಯ ಬಗ್ಗೆ ಆಚಾರ್ಯರಲ್ಲಿ ಒಮ್ಮತವಿಲ್ಲ: ಸೀಟು ಸಿಗುತ್ತದೆ, ಮರ್ಯಾದೆ ಹೋಗುತ್ತದೆ. ಇವೆಲ್ಲಕ್ಕೂ ಮೇಲಿನದು ಕೂಸು. ಕಿಟಕಿಯಿಂದ ಒಳಗೆ ಇಳಿಸಿದ ಕೂಸನ್ನು ಎತ್ತಿ ಕೆಳಗಿಡುವ ಎದೆಗಾರಿಕೆ ಬೆಳ್ವೊಲ ಮುನ್ನೂರರಲ್ಲಿ ಯಾರಿಗೂ ಇಲ್ಲ. ಅದು ಅಳಲು ಶುರುಮಾಡಿದರಂತೂ ಪಕ್ಕದ ಸೀಟೂ ತಾನಾಗಿ ತೆರವಾಗುತ್ತದೆ.

ವಲ್ಲಿ ಒಗೆದವನು ಬಾಗಿಲಲ್ಲಿ ಸಿಕ್ಕಿಬಿದ್ದಿದ್ದಾನೆ, ಅಷ್ಟರಲ್ಲಿ ಇನ್ನೊಬ್ಬ ಒಳಗೆ ಬಂದು ವಲ್ಲಿಯ ಮೇಲೇ ಕೂತಿದ್ದಾನೆ. ಸೀಟು ಯಾರದು? ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ ಇಂಥ ವ್ಯಾಜ್ಯಕ್ಕೆಂದೇ ಇದೆ. ಆಸ್ತಿಯ ತಂಟೆಯಲ್ಲಿ ಮನುಷ್ಯರು ತರಬಹುದಾದ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಬರೆದ ಪತ್ರ, ಅನುಭೋಗ, ಕಂಡು ಹೇಳುವವರು. ನಮ್ಮ ಬಸ್ಸಿನ ಟಿಕೆಟ್ಟು ಲಿಖಿತವೇನೋ ಹೌದು, ಆದರೆ ಅದರಲ್ಲಿ ಸೀಟಿನ ಮಾತೇ ಇಲ್ಲ. ಕೂತವನಿಗೆ ಭುಕ್ತಿ ಇದೆ. ಉಳಿದದ್ದು ಸಾಕ್ಷಿ. ಸಾಕ್ಷಿ ಯಾವಾಗಲೂ ಹಿಂದಿನ ಸೀಟಿನ ಮುದುಕಿಯೇ ಆಗಿರುತ್ತಾಳೆ, ಮತ್ತು ಅವಳು "ಇಬ್ರೂ ಕುಂದರ್ರಿ, ಏನ ಹೊತ್ಕೊಂಡ ಹೋಗ್ತೀರಿ" ಎಂದು ಸ್ಮೃತಿಕಾರರಿಗೆ ಹೊಳೆಯದ ತೀರ್ಪು ಕೊಡುತ್ತಾಳೆ.

ಭುಕ್ತಿಗೂ ಒಂದು ಮಂತ್ರವಿದೆ. ಒಬ್ಬರು ಮೊದಲು ಹತ್ತಿ, ಬಾರದ ಬಳಗಕ್ಕಾಗಿ ಎರಡು ಸೀಟು ಕಾಯುತ್ತಿರುವಾಗ ಯಾರಾದರೂ ಕೇಳಿದರೆ ಹೇಳುವ ಮಾತು: "ಬರ್ತಾರ." ವ್ಯಾಕರಣದ ದೃಷ್ಟಿಯಲ್ಲಿ ಇದು ಅದ್ಭುತ ವಾಕ್ಯ. ಕ್ರಿಯಾಪದ ಮಾತ್ರ ಇದೆ, ಕರ್ತೃ ಇಲ್ಲ. ಯಾರು ಬರುತ್ತಾರೆ, ಎಲ್ಲಿಂದ, ಎಷ್ಟು ಮಂದಿ, ಯಾವುದನ್ನೂ ಅದು ಹೇಳುವುದಿಲ್ಲ. ಹುಬ್ಬಳ್ಳಿಯ ಗಬ್ಬೂರ ಬೈಪಾಸ್ ದಾಟಿದ ಮೇಲೂ "ಬರ್ತಾರ" ಎಂದೇ ಕಾದವರನ್ನು ಕಂಡಿದ್ದೇನೆ.

ವಿದೇಶೀ ಪಂಡಿತರೂ ಈ ಕ್ಷೇತ್ರದಲ್ಲಿ ಕೈಯಾಡಿಸಿದ್ದಾರೆ. ಜೇಸನ್ ಸ್ಟೆಫನ್ ಎಂಬ ಅಮೆರಿಕದ ಖಭೌತವಿಜ್ಞಾನಿ ನಕ್ಷತ್ರಗಳನ್ನು ಬಿಟ್ಟು, ವಿಮಾನಕ್ಕೆ ಮಂದಿಯನ್ನು ಹೇಗೆ ಹತ್ತಿಸಿದರೆ ಬೇಗ ಮುಗಿಯುತ್ತದೆ ಎಂದು ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದ. ಮುಂದಿನ ಸೀಟಿನವರನ್ನು ಮೊದಲು ಹತ್ತಿಸುವುದು ಎಲ್ಲಕ್ಕಿಂತ ನಿಧಾನ. ಹಿಂದಿನಿಂದ ಸಾಲಾಗಿ ತುಂಬಿಸುವುದೂ ಅದಕ್ಕಿಂತ ಬಹಳ ಮೇಲಲ್ಲ, ಏಕೆಂದರೆ ಎಲ್ಲರೂ ಒಂದೇ ಕಡೆ ಚೀಲ ಎತ್ತುತ್ತ ದಾರಿ ಕಟ್ಟುತ್ತಾರೆ. ಕಿಟಕಿಯವರು ಮೊದಲು, ಅದೂ ಸಾಲು ಬಿಟ್ಟು ಸಾಲು ಹೋದರೆ ಒಳ್ಳೆಯದು. ಕಿಟಕಿಯ ಮಹಿಮೆಯನ್ನು ಕಂಡುಕೊಂಡದ್ದು ಸರಿ, ಆದರೆ ಅವನ ಲೆಕ್ಕದಲ್ಲಿ ಎಲ್ಲರೂ ಬಾಗಿಲಿನಿಂದಲೇ ಹತ್ತುತ್ತಾರೆ, ಆಗಲೇ ಅದೇ ಬಾಗಿಲಲ್ಲಿ ಯಾರೂ ಇಳಿಯುವುದಿಲ್ಲ. ಇದು ಅಣ್ಣಿಗೇರಿಗೆ ಒಗ್ಗದ ಊಹೆ.

ಹೆಚ್ಚು ಉಪಯುಕ್ತವಾದದ್ದು ಸೌತ್‌ವೆಸ್ಟ್ ಎಂಬ ಅಮೆರಿಕದ ವಿಮಾನ ಸಂಸ್ಥೆಯ ಇತಿಹಾಸ. 1971ರಲ್ಲಿ ಹಾರಲು ಶುರುಮಾಡಿ ಅರ್ಧ ಶತಮಾನದ ಮೇಲೂ ಅದು ಸೀಟಿಗೆ ನಂಬರು ಕೊಡದೆ ನಡೆಯಿತು. ಮೊದಲು ಹೋದವನು ಬೇಕಾದಲ್ಲಿ ಕೂಡಬಹುದಿತ್ತು. ಅಂದರೆ ರೆಕ್ಕೆ ಹಚ್ಚಿದ ನಮ್ಮ ಗದಗ ಬಸ್ಸು. 2009ರಲ್ಲಿ, ಹೆಚ್ಚು ಹಣ ಕೊಟ್ಟವರಿಗೆ ಪಾಳಿಯಲ್ಲಿ ಮುಂದಿನ ಜಾಗ ಎಂಬ ವ್ಯವಸ್ಥೆ ತಂದರು. ಅದಕ್ಕೆ ಅರ್ಥವಿತ್ತು, ಏಕೆಂದರೆ ಅಲ್ಲಿ ಮೊದಲು ಹತ್ತುವುದಕ್ಕೂ ಒಳ್ಳೆಯ ಸೀಟಿಗೂ ಕರುಳುಬಳ್ಳಿಯ ಸಂಬಂಧ. 2026ರ ಜನವರಿ 27ರಿಂದ ಅವರೂ ಸೀಟಿಗೆ ನಂಬರು ಬರೆದರು. ಆ ಬಳ್ಳಿ ಅಲ್ಲಿಗೆ ಕಡಿದುಹೋಯಿತು.

ಈ ಎಳೆಯನ್ನು ಹಿಡಿದು ಹುಡುಗನ ಹಡಗಿಗೆ ಬರೋಣ. ಅವನಿಗೆ ಕೋಣೆ ಕೊಟ್ಟಾಗಿದೆ, ಕೋಣೆಗೆ ನಂಬರೂ ಇದೆ. ಅವನು ಮೊದಲು ಹತ್ತಲಿ, ಕೊನೆಗೆ ಹತ್ತಲಿ, ಆ ಕೋಣೆಯಲ್ಲಿ ಬೇರೆ ಯಾರೂ ವಲ್ಲಿ ಹಾಸುವಂತಿಲ್ಲ. ನಮ್ಮ ಅಮೃತೇಶ್ವರ ಗುಡಿಯಲ್ಲಿ 76 ಕಂಬಗಳಿವೆ. 1050ರ ಸುಮಾರಿಗೆ ಅವುಗಳಿಗೆ ಗೊತ್ತುಮಾಡಿದ ಜಾಗದಲ್ಲಿ ನಿಂತವು ಇಂದಿಗೂ ನಿಂತಿವೆ. ಯಾವ ಕಂಬವೂ ಇನ್ನೊಂದನ್ನು ನೂಕಿದ ದಾಖಲೆಯಿಲ್ಲ. ಜಾಗ ಗೊತ್ತಾದ ಮೇಲೆ ಅವಸರಕ್ಕೆ ಬೆಲೆ ಏನು?

ಪೂರ್ವಪಕ್ಷದವರು ಹೇಳುತ್ತಾರೆ: ಮೊದಲು ಹತ್ತಿದರೆ ಹಡಗನ್ನು ತಿರುಗಾಡಿ ನೋಡಬಹುದಲ್ಲ? ನೋಡಬಹುದು. ಆದರೆ ಹಿಂದಿನ ಪ್ರವಾಸದವರು ಬೆಳಿಗ್ಗೆ ಇಳಿದ ಮೇಲೆ ಕೋಣೆಗಳನ್ನು ಗುಡಿಸಿ, ಹಾಸಿಗೆ ಬದಲಿಸಿ ಕೊಡುವಷ್ಟರಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ದಾಟುತ್ತದೆ. ಅಲ್ಲಿಯವರೆಗೆ ಮೊದಲು ಹತ್ತಿದವನು ಚೀಲ ಕಾಲಡಿ ಇಟ್ಟುಕೊಂಡು ಊಟದ ಹಾಲಿನಲ್ಲಿ ಕೂತಿರಬೇಕು. ಇಷ್ಟಾದರೂ ಹಡಗು ಅವನನ್ನೊಬ್ಬನನ್ನೇ ಹೊತ್ತು ಹೊರಡುವುದಿಲ್ಲ. 2015ರ ಜನವರಿಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದಂತೆ, ಅಪಾಯ ಬಂದರೆ ಎಲ್ಲಿ ಸೇರಬೇಕೆಂಬ ತಾಲೀಮನ್ನು ಹೊಸ ಪ್ರಯಾಣಿಕರಿಗೆಲ್ಲ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ಮಾಡಿಸಬೇಕು. ಆದ್ದರಿಂದ ಮೊದಲು ಹತ್ತಿದವನು ಕೊನೆಯವನಿಗಾಗಿ ಕಾಯುತ್ತಾನೆ. ಹೆಚ್ಚು ಕೊಟ್ಟದ್ದರ ಫಲ, ಹೊರಗೆ ಕಾಯುವ ಬದಲು ಒಳಗೆ ಕಾಯುವುದು. ಒಳಗೆ ತಂಪಿದೆ, ಊಟವಿದೆ ಎಂಬುದನ್ನು ಒಪ್ಪುತ್ತೇನೆ. ನಾನು ಅಷ್ಟೊಂದು ಹಠಮಾರಿ ಮೀಮಾಂಸಕನಲ್ಲ.

ಇನ್ನೊಂದು ದೋಷ ಅತಿವ್ಯಾಪ್ತಿ. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನಕ್ಕೆ ಹೋದವರು ಬಲ್ಲರು: ವಿಶೇಷದವರೇ ಸಾವಿರಗಟ್ಟಲೆ ಇದ್ದಾಗ ವಿಶೇಷಕ್ಕೇ ಒಂದು ಪಾಳಿ ಬೆಳೆಯುತ್ತದೆ, ಮತ್ತು ಆ ಪಾಳಿಯಲ್ಲಿ ಮುಂದೆ ಹೋಗಲು ಯಾರ ಪರಿಚಯವಿದೆ ಎಂದು ವಿಶೇಷದವರು ಒಬ್ಬರನ್ನೊಬ್ಬರು ಕೇಳುತ್ತಾರೆ. ತದ್ವಿರುದ್ಧ ದೃಷ್ಟಾಂತ ನಮ್ಮಲ್ಲೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಟಿಕೆಟ್ಟಿನ ಬೆಲೆ ಸೊನ್ನೆಯಾಯಿತು. ಸೀಟಿನ ಬೆಲೆ ಸೊನ್ನೆಯಾಗಲಿಲ್ಲ. ಟಿಕೆಟ್ಟಿಗೂ ಸೀಟಿಗೂ ಇರುವ ಭೇದವನ್ನು ಅಲ್ಲಿಯವರೆಗೆ ಪಂಡಿತರಷ್ಟೇ ಬಲ್ಲವರಾಗಿದ್ದರು. ಈಗ ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಅದರ ಮೇಲೆ ಭಾಷ್ಯ ಹೇಳಬಲ್ಲರು.

ಕೊನೆಗೆ ಗಣಿತ. ಹುಡುಗ, ಅವನ ಹೆಂಡತಿ, ಅವನ ಅವ್ವ ಅಂದರೆ ನಮ್ಮ ವೈನಿ, ಮೂವರಿಗೆ 4,500 ರೂಪಾಯಿ. ರೂಪಾಯಿ ಎಂದರೆ ಅಣ್ಣಿಗೇರಿಯಲ್ಲಿ ಅರ್ಥ ಪೂರ್ತಿ ಆಗುವುದಿಲ್ಲ, ಕಡಲೆಗೆ ಇಳಿಸಬೇಕು. 2025-26ರ ಮಾರಾಟ ಹಂಗಾಮಿಗೆ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 5,650. ಆ ಲೆಕ್ಕಕ್ಕೆ 4,500 ಅಂದರೆ ಹತ್ತಿರ ಹತ್ತಿರ ಎಂಬತ್ತು ಕಿಲೋ ಕಡಲೆ. ಎರೆಹೊಲದಲ್ಲಿ ಬಿತ್ತಿ, ಇಬ್ಬನಿ ಕಾದು, ಕಿತ್ತು, ಬಡಿದು, ತೂರಿ, ಚೀಲಕ್ಕೆ ತುಂಬಿ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಹಚ್ಚಿ ಪಾಳಿ ನಿಂತು ಮಾರಿದ ಕಡಲೆ. ಒಂದು ಪಾಳಿಯಲ್ಲಿ ನಿಂತು ಗಳಿಸಿದ್ದನ್ನು ಇನ್ನೊಂದು ಪಾಳಿ ತಪ್ಪಿಸಿಕೊಳ್ಳಲು ಕೊಡುವುದೇ?

ಇಷ್ಟನ್ನೂ ಮರುದಿನ ಫೋನಿನಲ್ಲಿ ಓದಿ ಹೇಳಿದೆ. ಮಿತಾಕ್ಷರಾ ಬರುವಷ್ಟರಲ್ಲಿ ಹುಡುಗ "ಹೂಂ" ಎನ್ನುವುದನ್ನು ನಿಲ್ಲಿಸಿದ್ದ. ಕಡಲೆ ಮುಗಿದ ಮೇಲೆ, "ಅಲ್ಲ ಕಾಕಾ, ನಿನ್ನೆ ರಾತ್ರೀನ ಕೊಟ್ಟುಬಿಟ್ಟೆ. ಹನ್ನೆರಡು ಗಂಟೆಗೆ ಆಫರ್ ಮುಗೀತಿತ್ತು" ಎಂದ.

ಹಡಗು ಹತ್ತಿದ ದಿನ ಸಂಜೆ ಅವನೇ ಫೋನ್ ಮಾಡಿದ. ಮೊದಲು ಹತ್ತಿದ್ದು ಹೌದು. ಅವರ ಜೊತೆ ಮೊದಲು ಹತ್ತಿದವರು ಅರ್ಧ ಹಡಗಿನಷ್ಟು ಮಂದಿ ಇದ್ದರಂತೆ. ಕೋಣೆ ಸಿಕ್ಕಿದ್ದು ಎರಡಕ್ಕೆ. "ಹಂಗಾರ ರೊಕ್ಕ ನೀರಾಗ ಹೋತು" ಎಂದೆ, ಶಾಸ್ತ್ರ ಗೆದ್ದ ಸಂತೋಷವನ್ನು ಅಡಗಿಸಿಕೊಂಡು.

"ಇಲ್ಲೋ ಕಾಕಾ, ಅವ್ವನ ಸಲುವಾಗಿ ವಸೂಲಾತು" ಎಂದ. ಅವನೂ ಅವನ ಹೆಂಡತಿಯೂ ಊಟದ ತಟ್ಟೆ ಹುಡುಕುತ್ತಿರುವಾಗ ನಮ್ಮ ವೈನಿ ಒಬ್ಬಳೇ ಮೇಲಿನ ಅಟ್ಟಕ್ಕೆ ಹೋಗಿದ್ದಾಳೆ. ಅಲ್ಲಿ ಸಮುದ್ರದ ಕಡೆ ಮುಖಮಾಡಿ ಉದ್ದುದ್ದ ಕುರ್ಚಿಗಳು ಸಾಲಾಗಿ ಇವೆ. ಅವಕ್ಕೆ ನಂಬರಿಲ್ಲ. ನನ್ನ ಮೀಮಾಂಸೆಯಲ್ಲಿ ಈ ಕುರ್ಚಿಗಳು ಬರಲೇ ಇಲ್ಲವಲ್ಲ ಎಂದು ಆಗ ಹೊಳೆಯಿತು. ಹೊರದೇಶಗಳ ಹಡಗುಗಳಲ್ಲೂ ಮಂದಿ ಮುಂಜಾನೆಯೇ ಬಂದು ಇಂಥ ಕುರ್ಚಿಗೆ ಟವೆಲ್ ಹಾಸಿ ಹೋಗುತ್ತಾರಂತೆ, ಸಿಬ್ಬಂದಿ ಹೊತ್ತು ನೋಡಿ ಅದನ್ನು ತೆಗೆಯುತ್ತಾರಂತೆ. ವೈನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಕಟಾಂಜನದ ಪಕ್ಕದ ಮೂರು ಕುರ್ಚಿ ಆರಿಸಿ, ಒಂದರಲ್ಲಿ ತಾನು ಕೂತು, ಒಂದಕ್ಕೆ ಚೀಲ ಇಟ್ಟು, ಇನ್ನೊಂದಕ್ಕೆ ಅಣ್ಣನ ಹಳೆಯ ವಲ್ಲಿ ಹಾಸಿದ್ದಾಳೆ. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ವಲ್ಲಿಯನ್ನು ಊರಿಂದ ಯಾಕೆ ತಂದಳೋ ಹುಡುಗನಿಗೂ ಗೊತ್ತಿರಲಿಲ್ಲ.

ಇವರು ತಟ್ಟೆ ಹಿಡಿದು ಮೇಲೆ ಹೋದಾಗ ಚೀಲ ತೆಗೆದು ಸೊಸೆಗೆ ಜಾಗ ಕೊಟ್ಟಳಂತೆ. ವಲ್ಲಿಯ ಕುರ್ಚಿಯಲ್ಲಿ ಕೂಡಲು ಹೋದ ಮಗನಿಗೆ, "ನೀ ಬ್ಯಾರೆ ತೊಗೋ" ಎಂದಳಂತೆ. ಬಿಸಿಲು ಇಳಿದ ಮೇಲೆ ಸಮವಸ್ತ್ರದ ಹುಡುಗನೊಬ್ಬ ಬಂದು, ಈ ಕುರ್ಚಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

ವೈನಿ ನೀರಿನ ಮೇಲಿಂದ ಕಣ್ಣು ತೆಗೆಯದೆ, "ಬರ್ತಾರ" ಎಂದಳಂತೆ.