ಸಹಿಯಿಂದ ಉದುರಿದ ಒಂದಕ್ಷರ

ದಿವಂಗತ ಆರನೇ ಜಾರ್ಜ್ ದೊರೆಗಳಿಗೆ,

ತಾವು ತೀರಿಕೊಂಡದ್ದು 1952ರ ಫೆಬ್ರವರಿಯಲ್ಲಿ. ನಾನು ಹುಟ್ಟಿದ್ದು ಅದಾದ ಮೇಲೆ. ತಮಗೂ ನನಗೂ ರಾಜ, ಪ್ರಜೆ ಎಂಬ ಸಂಬಂಧವೇನೂ ಇಲ್ಲ. ಆದರೂ ತಮ್ಮ ಎರಡು ಪಟಗಳು ನನ್ನ ಮನೆಯಲ್ಲಿವೆ. ಎರಡರ ಕೆಳಗೂ ತಮ್ಮ ಕೈಯ ಸಹಿಯಿದೆ. ಒಂದರಲ್ಲಿ 'ಜಾರ್ಜ್ ಆರ್.ಐ.' ಎಂದು ಬರೆದಿದ್ದೀರಿ. 1949ರ ಇನ್ನೊಂದರಲ್ಲಿ 'ಜಾರ್ಜ್ ಆರ್.' ಅಷ್ಟೆ. ಆ ಎರಡು ಪಟಗಳ ನಡುವೆ ಬಿದ್ದುಹೋದ ಅಕ್ಷರವೇ ಈ ಪತ್ರಕ್ಕೆ ಕಾರಣ.

'ಆರ್' ಎಂದರೆ ಲ್ಯಾಟಿನ್ನಿನ ರೆಕ್ಸ್, ರಾಜ. 'ಐ' ಎಂದರೆ ಇಂಪರೇಟರ್, ಚಕ್ರವರ್ತಿ. ತಾವು ಬ್ರಿಟನ್ನಿಗೆ ರಾಜರು, ಕೆನಡಾಕ್ಕೆ ರಾಜರು, ಆಸ್ಟ್ರೇಲಿಯಾಕ್ಕೂ ರಾಜರು. ಚಕ್ರವರ್ತಿ ಅನ್ನಿಸಿಕೊಂಡದ್ದು ಭಾರತ ಒಂದರಿಂದ. ಚಕ್ರವರ್ತಿಯಾಗಿ ಒಂದು ಸಲವೂ ತಾವು ಇಲ್ಲಿಗೆ ಬರಲಿಲ್ಲ. ತಮಗಾಗಿ ದೆಹಲಿಯಲ್ಲಿ ನಡೆಸಬೇಕೆಂದಿದ್ದ ದರ್ಬಾರು ಮುಂದಕ್ಕೆ ಹೋಗಿ ಹೋಗಿ ಕಡೆಗೆ ನಡೆಯಲೇ ಇಲ್ಲ. ಕಾಣದ ಊರಿನ ಹೆಸರಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ತಾವು ಆ ಒಂದಕ್ಷರ ಬರೆದಿರಿ.

ಅದನ್ನು ತಂದವರು ತಮ್ಮ ಮುತ್ತಜ್ಜಿ ವಿಕ್ಟೋರಿಯಾ. 1877ರ ಜನವರಿ 1ರಂದು ದೆಹಲಿಯಲ್ಲಿ ಭಾರಿ ದರ್ಬಾರು ನಡೆಸಿ ಅವರನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ಆ ಹೊತ್ತಿಗೆ ನಮ್ಮ ಮೈಸೂರು ಸೀಮೆಯಲ್ಲಿ ಮಳೆ ಕೈಕೊಟ್ಟು ಹೊಲಗಳು ಒಣಗಿದ್ದವು. ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಕ್ಷಾಮ ಎಂದೇ ಕರೆಯುತ್ತಿದ್ದರು. ಧಾತು, ಈಶ್ವರ ಎರಡೂ ಸಂವತ್ಸರಗಳನ್ನು ನುಂಗಿದ ಬರ ಅದು. 1871ರ ಖಾನೇಷುಮಾರಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು ಎಂಟು ಲಕ್ಷ ಜನ ಕುಗ್ಗಿತು. ತಮ್ಮ ಸಹಿಯ 'ಐ' ಹುಟ್ಟಿದ್ದು ಅಂಥ ವರ್ಷದಲ್ಲಿ, ದೊರೆಗಳೇ. ಅದನ್ನು ನೋಡಿದಾಗಲೆಲ್ಲ ಗಂಜಿಕೇಂದ್ರದ ಮುಂದೆ ಪಾತ್ರೆ ಹಿಡಿದು ನಿಂತವರ ನೆನಪು ನನಗೆ ಬರುತ್ತದೆ. ಬರಲೇಬೇಕು ಎಂದೇ ನಾನು ಆ ಪಟವನ್ನು ಇಟ್ಟುಕೊಂಡಿದ್ದೇನೆ.

ಅದು ಸಿಕ್ಕಿದ್ದು ಬೆಂಗಳೂರು ದಂಡಿನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ. ದಂಡು ಪ್ರದೇಶ ತಾವು ಚಕ್ರವರ್ತಿಯಾಗಿದ್ದಾಗ ಮೈಸೂರು ಮಹಾರಾಜರ ಕೈಯಲ್ಲಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ತಮ್ಮವರ ನೇರ ಆಡಳಿತ. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರವೂ ಇಲ್ಲದಿರುವಾಗ, ಅದು ಮೈಸೂರಿಗೆ ಮರಳಿತು. ಅಂಥ ಬೀದಿಯಲ್ಲಿ ತಮ್ಮ ಪಟ ಒಡೆದ ಕನ್ನಡಿಗಳ ಹಿಂದೆ ಗೋಡೆಗೆ ಒರಗಿತ್ತು. ಕಟ್ಟು ಇರಲಿಲ್ಲ. ಬೆಳ್ಳಿಯದಾಗಿತ್ತಂತೆ, ತಲೆಯ ಮೇಲೆ ಕಿರೀಟವಿತ್ತಂತೆ. ಅಂಗಡಿಯವರು ಅದನ್ನು ಬಿಚ್ಚಿ ತೂಕಕ್ಕೆ ಹಾಕಿದ್ದರು. ಹಿಂಬದಿಯ ರಟ್ಟು, ಅದಕ್ಕೆ ಅಂಟಿದ್ದ ಚೀಟಿ, ಎಲ್ಲ ಕಸಕ್ಕೆ. ನಾನು ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಳಿತೆ.

ಯಾಕೆಂದರೆ ತಮ್ಮ ಮನೆತನದ ಪಟಗಳಲ್ಲಿ ಸಾಮಾನ್ಯವಾಗಿ ಕೊಟ್ಟವರ ಹೆಸರಿರುತ್ತದೆ, ಪಡೆದವರದ್ದು ಇರುವುದಿಲ್ಲ. ಸಹಿ, ಹೆಚ್ಚೆಂದರೆ ಇಸವಿ, ಅಷ್ಟೆ. ಯಾರಿಗೆ, ಯಾವ ಸೇವೆಗೆ ಎಂಬುದು ಜೊತೆಗೆ ಬಂದ ಕಾಗದದಲ್ಲೋ ಹಿಂಬದಿಯ ಚೀಟಿಯಲ್ಲೋ ಮನೆಯವರ ಬಾಯಲ್ಲೋ ಉಳಿಯಬೇಕು. ಈ ಪಟವನ್ನು ಪಡೆದವರು ಯಾರು? ಯುದ್ಧದಲ್ಲಿ ಕಾಲು ಕಳೆದುಕೊಂಡ ಸೇನಾಧಿಕಾರಿಯೆ? ವೈದ್ಯರೆ? ನಡುಮನೆಯಲ್ಲಿ ಅದನ್ನು ತೂಗುಹಾಕಿ ಬಂದವರಿಗೆಲ್ಲ ತೋರಿಸಿದ್ದರೆ, ಅಥವಾ ಮಗ ಖಾದಿ ಉಟ್ಟು ಬಂದ ದಿನ ತೆಗೆದು ಒಳಗಿಟ್ಟಿದ್ದರೆ? ಗೌರವಿಸಲೆಂದು ಕೊಟ್ಟ ಪಟದಲ್ಲಿ ಗೌರವ ಪಡೆದವರೇ ಕಾಣೆಯಾಗಿದ್ದಾರೆ.

ಸಹಿಯನ್ನು ಭೂತಗನ್ನಡಿಯ ಕೆಳಗೆ ತಿಂಗಳುಗಟ್ಟಲೆ ನೋಡಿದ್ದೇನೆ. ಅಚ್ಚುಹಾಕಿದ ಸಹಿಯಾದರೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಸಾಲುಗಟ್ಟಿ ಕಾಣುತ್ತವೆ. ಇಲ್ಲಿ ಶಾಯಿ ಲೇಖನಿ ನಿಂತಲ್ಲಿ ದಟ್ಟ, ಓಡಿದಲ್ಲಿ ತೆಳು. ಪಟದ ಅಂಚಿನ ಕಪ್ಪು ಭಾಗದಲ್ಲಿ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಹೊಳೆಯುತ್ತದೆ. ಆ ಕಾಲದ ಫೋಟೋ ಕಾಗದ ಹಳತಾದಾಗ ಬರುವ ಹೊಳಪು ಅದು. ತಮ್ಮ ಕೈ 'ಆರ್' ಬರೆದು ಎತ್ತದೆ 'ಐ'ಗೆ ಸಾಗಿದೆ. ಅಭ್ಯಾಸದ ಕೈ.

ಆ ಅಭ್ಯಾಸ ತಪ್ಪಿದ್ದು 1947ರ ಆಗಸ್ಟ್‌ನಲ್ಲಿ. ತಮ್ಮ ತಾಯಿ ರಾಣಿ ಮೇರಿ ಅದನ್ನು ಮೊದಲು ಕಂಡದ್ದು ತಾವೇ ಅವರಿಗೆ ಬರೆದ ಕಾಗದದಲ್ಲಿ. ಮಗ ಮೊದಲ ಸಲ 'ಐ' ಇಲ್ಲದೆ ಸಹಿ ಹಾಕಿದ್ದಾನೆ, ಬಹಳ ದುಃಖವಾಯಿತು ಎಂದು ಲಕೋಟೆಯ ಹಿಂದೆ ಬರೆದಿಟ್ಟರು. ತಾರೀಖು ಆಗಸ್ಟ್ 18. ಅದರ ಹಿಂದಿನ ದಿನವಷ್ಟೆ ಪಂಜಾಬ್ ಮತ್ತು ಬಂಗಾಳವನ್ನು ಸೀಳುವ ರ‍್ಯಾಡ್‌ಕ್ಲಿಫ್ ಗೆರೆ ಪ್ರಕಟವಾಗಿತ್ತು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ನಡೆದರು. ಲಕ್ಷಾಂತರ ಮಂದಿ ಸತ್ತರು. ಮಗನ ಪದವಿಗಾಗಿ ಮರುಗಿದ ತಾಯಿಯ ಬಗ್ಗೆ ನನಗೆ ಸಿಟ್ಟಿಲ್ಲ, ತಾಯಂದಿರು ಹಾಗೆಯೇ. ಆದರೆ ಆ ವಾರ ಮಕ್ಕಳನ್ನೇ ಕಳೆದುಕೊಂಡ ತಾಯಂದಿರು ಎಷ್ಟು ಜನ! ಅವರಿಗೆ ಬರೆದಿಡಲು ಲಕೋಟೆಯೂ ಇರಲಿಲ್ಲ. ಇದನ್ನು ತಮಗೆ ಹೇಳಲೇಬೇಕಿತ್ತು.

ಎರಡನೆಯ ಪಟವನ್ನು ನನ್ನ ಸೋದರಳಿಯ ಲಂಡನ್ನಿನಿಂದ ತಂದುಕೊಟ್ಟ. "ಮಾವ, ಇದರಲ್ಲಿ ಒಂದಕ್ಷರ ಕಡಿಮೆ, ನಿಮಗೆ ಬೇಡವೇನೋ" ಅಂದ. ಬೇಕಾಗಿದ್ದೇ ಅದು. ಚಕ್ರವರ್ತಿ ಪದವಿ ಕೈಬಿಟ್ಟ ಘೋಷಣೆ ಹೊರಟಿದ್ದು 1948ರ ಜೂನ್ 22ಕ್ಕೆ. ಬ್ರಿಟನ್ನಿನ ನಾಣ್ಯಗಳಿಂದ ಭಾರತದ ಹೆಸರು ಅಳಿದದ್ದು 1949ರಲ್ಲಿ. ಆದರೂ ನಮ್ಮ ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ರವರೆಗೆ ತಾವು ಭಾರತದ ರಾಜರಾಗಿಯೇ ಇದ್ದಿರಿ. ಎಂದರೆ ಈ 1949ರ ಪಟದ 'ಆರ್'ನೊಳಗೆ ನಾವು ಇನ್ನೂ ಇದ್ದೇವೆ. ಸ್ವಾತಂತ್ರ್ಯ ಒಂದೇ ರಾತ್ರಿಗೆ ಬಂತು ಎಂದು ಶಾಲೆಯಲ್ಲಿ ಕಲಿತವನಿಗೆ, ಅದು ಅಕ್ಷರ ಅಕ್ಷರವಾಗಿ ಬಂತು ಎಂದು ತಿಳಿಸಿದ್ದು ಈ ರಟ್ಟಿನ ತುಂಡು. 1961ರಲ್ಲಿ ತಮ್ಮ ಮಗಳು ಬೆಂಗಳೂರಿಗೆ ಬಂದು ಲಾಲ್‌ಬಾಗಿನಲ್ಲಿ ಗಿಡ ನೆಟ್ಟರು. ಅವರ ಸಹಿಯಲ್ಲಿ 'ಐ' ಎಂದೂ ಇರಲಿಲ್ಲ. ಬಂದದ್ದು ಅತಿಥಿಯಾಗಿ.

ಬಹಿರಂಗ ಪತ್ರವಾದ್ದರಿಂದ ಇದನ್ನು ಬೇರೆಯವರೂ ಓದುತ್ತಾರೆ. ಅಜ್ಜನ ಪೆಟ್ಟಿಗೆಯಲ್ಲಿ ಇಂಥ ಪಟ ಸಿಕ್ಕವರಲ್ಲಿ ಕೈಮುಗಿದು ಕೇಳುತ್ತೇನೆ. ಮಾರುವುದಾದರೆ ಮಾರಿ, ನಾಚಿಕೆ ಬೇಡ. ಆದರೆ ಕಟ್ಟು ಬಿಚ್ಚಬೇಡಿ. ಹಿಂಬದಿಯ ಚೀಟಿ ಕೀಳಬೇಡಿ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಶಾಯಿ ಮಾಸುತ್ತದೆ. ಅಜ್ಜನಿಗೆ ಅದನ್ನು ಯಾಕೆ ಕೊಟ್ಟರು ಎಂದು ಬಲ್ಲ ಅತ್ತೆಯೋ ದೊಡ್ಡಪ್ಪನೋ ಬದುಕಿದ್ದರೆ ಈ ಭಾನುವಾರವೇ ಹೋಗಿ ಕೇಳಿ ಬರೆದುಕೊಳ್ಳಿ.

ದಂಡಿನಲ್ಲಿ ಸಿಕ್ಕ ಪಟಕ್ಕೆ ನಾನು ಹೊಸದಾಗಿ ಮರದ ಕಟ್ಟು ಹಾಕಿಸಿದ್ದೇನೆ. ಹಿಂದೆ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಮೂರು ಸಾಲು ಗೆರೆ ಎಳೆದಿದ್ದೇನೆ. ಮೊದಲನೆಯದರಲ್ಲಿ ಕೊಟ್ಟವರು: ತಾವು. ಮೂರನೆಯದರಲ್ಲಿ ಅದು ಸಿಕ್ಕ ಬೀದಿ, ಸಿಕ್ಕ ದಿನ. ನಡುವಿನ ಸಾಲು, ಪಡೆದವರ ಹೆಸರಿಗೆಂದು ಬಿಟ್ಟದ್ದು, ಹಾಗೆಯೇ ಇದೆ.

ಇಂತಿ,
ತಮ್ಮ ಪಟಗಳನ್ನು ಕಾಯುತ್ತಿರುವ
ಬೆಂಗಳೂರಿನ ಒಬ್ಬ ನಾಗರಿಕ