ಕಾಂಬಿನೇಶನ್ ಕಾಕಾ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ ಕುಂದಗೋಳದ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಒಂದು ಕುರ್ಚಿಗೆ ಯಾರೂ ಕೈ ಹಚ್ಚುವುದಿಲ್ಲ. ಅದು ಕಾಂಬಿನೇಶನ್ ಕಾಕಾ ಅವರದು. ತಾಯಿತಂದೆ ಇಟ್ಟ ಹೆಸರು ಬೇರೆ ಇದೆ. ಅದು ರೇಶನ್ ಕಾರ್ಡಿನಲ್ಲಿ ಸುರಕ್ಷಿತವಾಗಿದೆ.

ಕಾಕಾ ಸೊಸೈಟಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅಂಗಿಯ ಕಿಸೆಯಲ್ಲಿ ಒಂದು ನೀಲಿ, ಒಂದು ಕೆಂಪು ಪೆನ್ನು. ಕೈಯಲ್ಲಿ ಗೊಬ್ಬರದಂಗಡಿಯ ಹಳೆಯ ಪಾವತಿಗಳ ಕಟ್ಟು. ಪಾವತಿಯ ಮುಂಬದಿಯಲ್ಲಿ ಯೂರಿಯಾ, ಡಿಎಪಿ. ಹಿಂಬದಿಯಲ್ಲಿ ಊರಿನ ಮಕ್ಕಳ ಭವಿಷ್ಯ. ನೆಟ್ ಸೆಂಟರಿನಲ್ಲಿ ರಿಜಿಸ್ಟರ್ ನಂಬರು, ಹುಟ್ಟಿದ ದಿನಾಂಕ ಹೊಡೆದು ಅಂಕ ನೋಡಿದ ಹುಡುಗರು ಮನೆಗೆ ಹೋಗುವ ದಾರಿಯಲ್ಲೇ ಕಾಕಾ ಇರುವುದರಿಂದ, ಎಷ್ಟೋ ಅಪ್ಪಂದಿರಿಗೆ ಮಗನ ಅಂಕಕ್ಕಿಂತ ಮೊದಲು ಮಗನ ಕಾಂಬಿನೇಶನ್ನು ಗೊತ್ತಾಗುತ್ತದೆ.

ಇವರು ಒಬ್ಬರೇ ಅಂತಲ್ಲ. ಸಂಶಿಗೊಬ್ಬರು, ಗುಡಗೇರಿಗೊಬ್ಬರು, ಯರಗುಪ್ಪಿಗೊಬ್ಬರು ಇದ್ದೇ ಇರುತ್ತಾರೆ. ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಓಣಿಗೊಬ್ಬರು.

"ಎಷ್ಟ ಬಿದ್ದಾವೋ ತಮ್ಮಾ?"

ಮೊದಲ ಪ್ರಶ್ನೆ ಇದು. ಎರಡನೆಯದು ಇಲ್ಲ. ಹುಡುಗನಿಗೆ ಏನು ಇಷ್ಟ ಎಂದು ಕೇಳುವುದು ಕಾಕಾ ಅವರ ಪದ್ಧತಿಯಲ್ಲಿ ಇಲ್ಲ. ಎಪಿಎಂಸಿಯಲ್ಲಿ ಮೆಣಸಿನಕಾಯಿಗೆ ಯಾರಾದರೂ ನಿನಗೆ ಯಾವ ಊರಿಗೆ ಹೋಗುವ ಮನಸ್ಸಿದೆ ಎಂದು ಕೇಳುತ್ತಾರೆಯೇ? ಬಣ್ಣ ನೋಡುತ್ತಾರೆ, ತೇವ ನೋಡುತ್ತಾರೆ, ದರ ಹಾಕುತ್ತಾರೆ. ಕಾಕಾ ಅವರ ದರಪಟ್ಟಿ 625ರ ಮೇಲೆ ನಿಂತಿದೆ: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ 530 ದಾಟಿದರೆ ಸೈನ್ಸು. 400ರಿಂದ 530ರವರೆಗೆ ಕಾಮರ್ಸು. ಅದಕ್ಕಿಂತ ಕೆಳಗೆ ಆರ್ಟ್ಸು. ಇನ್ನೂ ಕೆಳಗಿದ್ದರೆ ಐಟಿಐ. "ಐಟಿಐ ಅಂದ್ರ ಕಡಿಮಿ ಅಂತಲ್ಲಪಾ," ಎಂದು ಅವರು ಸೇರಿಸುವ ಧ್ವನಿಯಲ್ಲೇ ಅದು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ.

ಪಿಯುಸಿಗೆ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಆ ನಾಲ್ಕು ವಿಷಯಗಳನ್ನು ಬಿಡಿಬಿಡಿಯಾಗಿ ಆರಿಸುವಂತಿಲ್ಲ, ಕಾಲೇಜು ಕಟ್ಟಿಟ್ಟ ಗಂಟನ್ನೇ ಎತ್ತಬೇಕು. ಗಂಟುಗಳಿಗೆ ಇಂಗ್ಲಿಷಿನ ಮೊದಲ ಅಕ್ಷರಗಳೇ ಹೆಸರು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸಿನ ಜೊತೆ ಬಯಾಲಜಿ ಇದ್ದರೆ ಪಿಸಿಎಂಬಿ. ಬಯಾಲಜಿಯ ಜಾಗದಲ್ಲಿ ಕಂಪ್ಯೂಟರ್ ಬಂದರೆ ಪಿಸಿಎಂಸಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಸೇರಿದರೆ ಹೆಪ್ಸ್. ಕಾಮರ್ಸಿನಲ್ಲಿ ಸೆಬಾ, ಹೆಬಾ, ಸೀಬಾ ಎಂಬ ಮೂವರು ಅಕ್ಕತಂಗಿಯರು. ಕಾಕಾ ಈ ಅಕ್ಷರಗಳನ್ನು ಮಂತ್ರದಂತೆ ಹೇಳುತ್ತಾರೆ. ಮೆಣಸಿನಕಾಯಿ ಚೀಲ ಹೊತ್ತ ಹಮಾಲನಿಗೂ ಈಗ ಮಗಳು ಸೆಬಾ ಎಂದು ಹೇಳಲು ಬರುತ್ತದೆ. ಅದರೊಳಗೆ ಏನಿದೆ ಎಂದು ಕೇಳಬಾರದು.

ಒಂದು ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ದಿನಗಳಲ್ಲಿ ಈ ಸೀಮೆಯ ಹುಡುಗರು ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ, ನಪಾಸಾದರೆ ರಂಟೆ. ಕಾಂಬಿನೇಶನ್ನು ಎರಡೇ.

ಕಾಕಾ ಅವರನ್ನು ನೋಡಿ ನಗುವುದು ಸುಲಭ. ಆದರೆ ನಿಯಮದ ಮಾತು ಬಂದಾಗ ನಗೆ ಅಡಗುತ್ತದೆ. ಸರಕಾರ ಹೊರಡಿಸುವ ಸುತ್ತೋಲೆ ತಾಲೂಕಿನಲ್ಲಿ ಕೊನೆಯ ಸಾಲಿನವರೆಗೆ ಓದುವವರು ಬಹುಶಃ ಇವರೊಬ್ಬರೇ. ಒಮ್ಮೆ ಒಬ್ಬ ರೈತನ ಮಗ ಗೆಳೆಯರೆಲ್ಲ ತಗೊಂಡರೆಂದು ಪಿಸಿಎಂಸಿ ಫಾರ್ಮು ತುಂಬಿ, ಫೀ ಕಟ್ಟಲು ಹೊರಟಿದ್ದ. ಕಾಕಾ ತಡೆದು ಕೇಳಿದರು: "ಮುಂದ ಏನ್ ಮಾಡಾಂವಾ?"

"ಅಗ್ರಿ ಬಿಎಸ್ಸಿ ಮಾಡ್ತೇನ್ರಿ ಕಾಕಾ. ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ."

"ಬಯಾಲಜಿ ಇಲ್ದ ಅಗ್ರಿ ಬಿಎಸ್ಸಿ ಯಾರ್ ಕೊಡ್ತಾರಪಾ ನಿನಗ? ಕಂಪ್ಯೂಟರ್ನ್ಯಾಗ ಕಡ್ಲಿ ಬಿತ್ತಾಂವೇನು?"

ಹುಡುಗ ಫಾರ್ಮು ಹರಿದ. ಅಷ್ಟೇ ಅಲ್ಲ, ರೈತರ ಮಕ್ಕಳಿಗೆಂದೇ ಕೃಷಿ ಕೋಟಾ ಇದೆ, ಅದಕ್ಕೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಬೇರೆ ಇದೆ ಎಂದು ಹೇಳಿ, ಅಪ್ಪನ ಹೊಲಕ್ಕೆ ಹೋಗಿ ಕಳೆಯ ಹೆಸರು ಕಲಿಯಲು ಹಚ್ಚಿದವರೂ ಕಾಕಾ ಅವರೇ. ಹತ್ತು ವರ್ಷ ಹೊಲದ ಕಡೆ ಮುಖ ಹಾಕದ ಮಗ ದಿನಾ ಸಂಜೆ ಬದುವಿನ ಮೇಲೆ ಬಂದು ನಿಂತದ್ದು ನೋಡಿ ಅಪ್ಪ ಗಾಬರಿಯಾಗಿದ್ದನಂತೆ.

ಬಿಎಸ್ಸಿ ನರ್ಸಿಂಗಿಗೆ ಬಯಾಲಜಿ ಬೇಕೇ ಬೇಕು, ಜಿಎನ್‌ಎಂ ಆದರೆ ಆರ್ಟ್ಸ್ ಓದಿದವರಿಗೂ ನಡೆಯುತ್ತದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಜಿಗಿಯಬಹುದು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅರ್ಧ, ಪಿಯುಸಿಯ ಅರ್ಧ. ಇವೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಹುಬ್ಬಳ್ಳಿಯಲ್ಲಿ ಇದನ್ನೇ ಹೇಳಲು ಎಸಿ ರೂಮಿನಲ್ಲಿ ಕೂತು ದುಡ್ಡು ತಗೊಳ್ಳುತ್ತಾರೆ. ಕಾಕಾ ಅವರ ಫೀ ಒಂದು ಪ್ಲೇಟು ಗಿರಮಿಟ್ಟು, ಮಿರ್ಚಿ ಬೇರೆ.

ಅವರಿಗೆ ಒಂದೇ ಒಂದು ನಿಯಮದ ಮೇಲೆ ಸಿಟ್ಟು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ವೃತ್ತಿಪರ ಕೋರ್ಸುಗಳಲ್ಲಿ ಶೇಕಡಾ 15 ಗ್ರಾಮೀಣ ಮೀಸಲಾತಿ ಉಂಟು. ಪಟ್ಟಣ ಪಂಚಾಯಿತಿ ಇರುವ ಊರು ಆ ಲೆಕ್ಕಕ್ಕೆ ಬರುವುದಿಲ್ಲ. ಕುಂದಗೋಳದಲ್ಲಿ ಪಟ್ಟಣ ಪಂಚಾಯಿತಿ ಇದೆ. "ಮಳಿ ಬಂದ್ರ ಓಣ್ಯಾಗ ಎಮ್ಮಿ ಹುಗೀತಾವು, ಆದರೂ ನಾವು ಪಟ್ಟಣದವರು!" ಎಂದು ಕಾಕಾ ಪ್ರತಿ ವರ್ಷ ಗುಡುಗುತ್ತಾರೆ. ಸಂಶಿಯ ಹುಡುಗ ಬಿಇಓ ಸಹಿ ಇರುವ ಸ್ಟಡಿ ಸರ್ಟಿಫಿಕೇಟು ಹಿಡಿದು ಹೊರಟರೆ, ಅದನ್ನು ಒಮ್ಮೆ ಈಸಿಕೊಂಡು, ನೋಡಿ, ನಿಟ್ಟುಸಿರಿಟ್ಟು ವಾಪಸು ಕೊಡುತ್ತಾರೆ. ಕನ್ನಡ ಮಾಧ್ಯಮದ ಶೇಕಡಾ 5 ಮಾತ್ರ ಪಟ್ಟಣಕ್ಕೂ ಸಿಗುತ್ತದೆ ಎಂಬುದೇ ಸಮಾಧಾನ.

ಭಾಷೆಯ ವಿಷಯದಲ್ಲಿ ಕಾಕಾ ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು. ಬೆಳಿಗ್ಗೆ ಪಾಲಕರಿಗೆ ಹೇಳುವುದು: "ಪಿಯುಸಿಗೆ ಸಂಸ್ಕೃತ ತಗೋಳಾಕ ಹೇಳ್ರಿ, ನೂರಕ್ಕ ನೂರ ಬೀಳ್ತಾವು." ಸಂಜೆ ಕಟ್ಟೆಯ ಮೇಲೆ ಕೂತಾಗ ಗೋಕಾಕ್ ಚಳವಳಿಯ ನೆನಪು. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಸಮಿತಿ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ, 150 ಅಂಕವಿರಲಿ ಎಂದದ್ದು, 1982ರಲ್ಲಿ ರಾಜಕುಮಾರ್ ಬೀದಿಗಿಳಿದದ್ದು, ಹುಬ್ಬಳ್ಳಿಯ ಸಭೆಗೆ ತಾವು ಟ್ರ್ಯಾಕ್ಟರಿನಲ್ಲಿ ಹೋದದ್ದು. ಆ ಚಳವಳಿ ಹುಟ್ಟಿದ್ದೇ ಅಂಕದ ಆಸೆಗೆ ಸಂಸ್ಕೃತ ಹಿಡಿಯುವವರನ್ನು ಕಂಡು ಎಂದು ಯಾರಾದರೂ ಚುಚ್ಚಿದರೆ, ಕಾಕಾ ಚಹಾ ತಣ್ಣಗಾಯಿತೆಂದು ಅಂಗಡಿಯವನನ್ನು ಬೈಯುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿರುವ ಅಳಿಯನ ಮಗನಿಗೆ ಸಲಹೆ ಕೊಡಲು ಹೋದಾಗ ಮಾತ್ರ ಕಾಕಾ ಮೊದಲ ಬಾರಿ ತಬ್ಬಿಬ್ಬಾದರು. ವಿಡಿಯೋ ಕಾಲಿನಲ್ಲಿ ಹುಡುಗ ಹೇಳಿದ: ಅಲ್ಲಿ ಹೈಸ್ಕೂಲು ಮುಗಿಯಬೇಕಾದರೆ ರಾಜ್ಯದ ಕಾನೂನಿನಂತೆ ಮೂರು ವರ್ಷ ಇಂಗ್ಲಿಷು, ಮೂರು ವರ್ಷ ಸಮಾಜ ವಿಜ್ಞಾನ, ಎರಡೆರಡು ವರ್ಷ ಗಣಿತ, ವಿಜ್ಞಾನ ಆಗಬೇಕು, ದೈಹಿಕ ಶಿಕ್ಷಣವೂ ಎರಡು ವರ್ಷ ಕಡ್ಡಾಯ. ಉಳಿದದ್ದು ಅವರವರ ಆಯ್ಕೆ. ಅವನು ಫಿಸಿಕ್ಸಿನ ಜೊತೆ ಕುಂಬಾರಿಕೆ ತಗೊಂಡಿದ್ದ.

"ಕುಂಬಾರಿಕಿ? ಗಡಗಿ ಮಾಡೂದು?"

"ಹೌದು ಅಜ್ಜಾ."

ಕಾಕಾ ಪಾವತಿಯ ಹಿಂದೆ ಬರೆದು ನೋಡಿದರು. ಪಿಸಿಎಂಕೆ. ಕೆ ಅಂದರೆ ಕುಂಬಾರಿಕೆ. ಬಹಳ ಹೊತ್ತು ಅದನ್ನೇ ನೋಡಿ, ಕೆಂಪು ಪೆನ್ನಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಡಚಿಟ್ಟರು.

ಊರೊಳಗೂ ಅವರಿಗೆ ಒಮ್ಮೆ ಸೋಲಾಯಿತು. ಪಟ್ಟಣದ ಒಬ್ಬ ಹುಡುಗಿಗೆ 571 ಬಿದ್ದಿತ್ತು. ಕಾಕಾ ಕೇಳುವ ಮೊದಲೇ ಅವಳು ಹೆಪ್ಸ್ ಎಂದಳು. ಕುರ್ಚಿ ಅಲುಗಾಡಿತು.

"571 ಬಿದ್ದಾಕಿ ಆರ್ಟ್ಸ್ ತಗೊಳ್ಳೂದಂದ್ರ, ತಂಗಿ, ಒಂದನೇ ನಂಬರ್ ಬ್ಯಾಡಗಿ ಡಬ್ಬಿ ಕಾಯಿ ತಗೊಂಡು ದೃಷ್ಟಿ ನಿವಾಳಿಸಿ ಒಗದಂಗ."

"ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ ರೀ ಕಾಕಾ. ನೀವು ಬಣ್ಣ ನೋಡಿ ದರ ಹಾಕ್ತೀರಿ. ನಂಗ ಲಾ ಮಾಡೂದೈತಿ."

ಚಹಾದಂಗಡಿಯಲ್ಲಿ ಸದ್ದಿಲ್ಲ. ಐದು ವರ್ಷದ ಲಾ ಕೋರ್ಸಿಗೆ ಯಾವ ಕಾಂಬಿನೇಶನ್ನಾದರೂ ನಡೆಯುತ್ತದೆ, ರಾಜ್ಯದ ಕಾನೂನು ವಿಶ್ವವಿದ್ಯಾಲಯ ಇರುವುದೇ ಹುಬ್ಬಳ್ಳಿಯ ನವನಗರದಲ್ಲಿ ಎಂಬುದು ಕಾಕಾ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ 530 ದಾಟಿದವರಿಗೆ ಅದನ್ನು ಹೇಳುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ಕೊನೆಯ ಅಸ್ತ್ರ ತೆಗೆದರು. ದಿನಾ ಹುಬ್ಬಳ್ಳಿಗೆ ಹೋಗಿಬರುವ ಖರ್ಚು?

"ಬಸ್ ಪುಕ್ಕಟೆ ಐತಲ್ರಿ."

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕಾಕಾ ಅವರ ದರಪಟ್ಟಿಗೆ ಬಿದ್ದ ದೊಡ್ಡ ಪೆಟ್ಟು ಇದು. ಅದಕ್ಕೂ ಮುಂಚೆ ಹುಡುಗಿಯರ ಕಾಂಬಿನೇಶನ್ನನ್ನು ಅಂಕ ನಿರ್ಧರಿಸುತ್ತಿರಲಿಲ್ಲ, ಅಪ್ಪನ ಆಸೆಯೂ ಅಲ್ಲ. ಬಸ್ಸಿನ ಚಾರ್ಜು ನಿರ್ಧರಿಸುತ್ತಿತ್ತು. ಊರಲ್ಲಿ ಯಾವುದಿದೆಯೋ ಅದೇ ಅವರ ಇಷ್ಟದ ವಿಷಯ. ಈಗ ಬೆಳಗಿನ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ. ಬಾಗಿಲಲ್ಲಿ ಜೋತುಬಿದ್ದ ಹುಡುಗರು ಒಳಗಿರುವ ಪಿಸಿಎಂಬಿ, ಸೆಬಾ, ಹೆಪ್ಸ್ ಎಲ್ಲರ ಚೀಲಗಳನ್ನೂ ಹೊರಲಾರದೆ ಹೊತ್ತಿರುತ್ತಾರೆ. ಒಂದು ಕಾಲಕ್ಕೆ ಗಂಗೂಬಾಯಿ ಹಾನಗಲ್ಲರು ಸಂಗೀತ ಕಲಿಯಲೆಂದು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳದ ಸವಾಯಿ ಗಂಧರ್ವರ ಕಡೆ ಬರುತ್ತಿದ್ದರು. ಕಲಿಕೆ ಆಗ ಈ ದಿಕ್ಕಿಗೆ ಹರಿಯುತ್ತಿತ್ತು.

ಸವಾಯಿ ಗಂಧರ್ವರ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ಪಿಯುಸಿಯ ವಿಷಯಗಳ ಪಟ್ಟಿಯಲ್ಲಿ ಹಿಂದೂಸ್ಥಾನಿ ಸಂಗೀತವೂ ಇದೆ. ಒಬ್ಬ ಹುಡುಗ ಅದನ್ನು ಕೇಳಿಕೊಂಡು ಬಂದಾಗ ಕಾಕಾ ಹೇಳಿದ್ದು: "ಭೀಮಸೇನ ಜೋಶಿಯವರು ಇಲ್ಲೇ ಗುರುಗಳ ಮನಿಗೆ ನೀರ ಹೊತ್ತು ಕಲ್ತ್ರು. ಅವರೇನ್ ಕಾಂಬಿನೇಶನ್ ತಗೊಂಡಿದ್ರೇನು?" ಇದೇ ಮಾತನ್ನು ಅವರು ಕಲಿಯಲು ಒಲ್ಲೆ ಎನ್ನುವ ಹುಡುಗರಿಗೂ ಹೇಳುತ್ತಾರೆ. ಎರಡೂ ಕಡೆ ಚಲಾವಣೆಯಾಗುವ ನಾಣ್ಯ ಅದು.

ಹಾಗಾದರೆ ಕಾಕಾ ಅವರ ಸ್ವಂತ ಕಾಂಬಿನೇಶನ್ ಯಾವುದು? ಊರು ಮೂವತ್ತು ವರ್ಷ ಕೇಳಿತು. "ನಮ್ಮ ಕಾಲದಾಗ ಅವೆಲ್ಲಾ ಎಲ್ಲಿದ್ವು?" ಎಂದು ತೇಲಿಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ಆಧಾರ್ ಕಾರ್ಡಿನ ಜನ್ಮದಿನಾಂಕ ತಿದ್ದಿಸಲು ಹೋದರು. ಕೌಂಟರಿನಲ್ಲಿ ಕೂತವಳು, ಇವರೇ ಒಂದು ಕಾಲಕ್ಕೆ ಸೆಬಾ ತಗೋ ಎಂದಿದ್ದ ಹುಡುಗಿ. ಹಳೆಯ ಪ್ಲಾಸ್ಟಿಕ್ ಕವರಿನಿಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಎಳೆದರೆ, ಅದಕ್ಕಂಟಿಕೊಂಡು ಇನ್ನೊಂದು ಬಂತು. ದ್ವಿತೀಯ ಪಿಯುಸಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಮೂರರಲ್ಲಿ ಪಾಸು. ಫಿಸಿಕ್ಸಿನ ಎದುರು 34.

"ಒಂದ ಮಾರ್ಕ್, ಕಾಕಾ!"

ಕಾಕಾ ಏನೂ ಅನ್ನಲಿಲ್ಲ. ಹುಡುಗಿಯೇ ಮುಂದುವರಿಸಿದಳು. ಈಗ 35 ಇಲ್ಲ. 2025ರ ಅಕ್ಟೋಬರಿನಲ್ಲಿ ಸರಕಾರ ಬದಲಿಸಿದೆ. ಒಟ್ಟು ಶೇಕಡಾ 33 ಇದ್ದು, ಒಂದೊಂದು ವಿಷಯದಲ್ಲಿ 30 ಬಿದ್ದರೆ ಪಾಸು.

"ಗೊತ್ತೈತಿ," ಎಂದರು ಕಾಕಾ. ಆ ಸುತ್ತೋಲೆಯನ್ನು ಕೊನೆಯ ಸಾಲಿನವರೆಗೆ ಎರಡು ಸಲ ಓದಿದ್ದರು. ಮಾರ್ಕ್ಸ್ ಕಾರ್ಡನ್ನು ಮೆಲ್ಲಗೆ ಕವರಿನೊಳಗೆ ತೂರಿಸುತ್ತ, ಹಿಂದೆ ಸಾಲಿನಲ್ಲಿ ನಿಂತವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ವಿಚಾರಿಸಿದರು:

"ಅದು ಹಿಂದಿನವರಿಗೂ ಲಾಗೂ ಆಗ್ತೈತೇನವಾ?"