ನನ್ನ ಕಿವಿ, ನನ್ನ ಕೈ

ಮನುಷ್ಯನ ಕಿವಿಯಲ್ಲಿ ಒಂದು ಕೂಸು ತಲೆಕೆಳಗಾಗಿ ಮಲಗಿದೆಯಂತೆ. ಕಿವಿಯ ಹಾಲೆಯಲ್ಲಿ ಅದರ ತಲೆ, ಒಳಗಿನ ಏಣಿನುದ್ದಕ್ಕೂ ಬೆನ್ನೆಲುಬು, ಮೇಲ್ಗಡೆ ಕೈಕಾಲು, ನಡುವಿನ ಗುಳಿಯಲ್ಲಿ ಹೃದಯ, ಶ್ವಾಸಕೋಶ, ಜಠರ ವಗೈರೆ. ಇದು ಗೊತ್ತಾದಾಗಿನಿಂದ ನನಗೆ ಬಿಎಂಟಿಸಿ ಬಸ್ಸಿನಲ್ಲಿ ನೆಮ್ಮದಿಯಾಗಿ ಕೂರಲು ಆಗುತ್ತಿಲ್ಲ. ಮುಂದಿನ ಸೀಟಿನವರ ಬೆನ್ನು ನೋಡುತ್ತ ಕೂತರೆ ಅವರು ಕಾಣುವುದೇ ಇಲ್ಲ, ಅವರ ಅಕ್ಕಪಕ್ಕ ತೂಗುತ್ತಿರುವ ಎರಡು ಕೂಸು ಕಾಣುತ್ತವೆ. ಶಿವಾಜಿನಗರದಿಂದ ಹೊರಟ ಬಸ್ಸಿನಲ್ಲಿ ಅರವತ್ತು ಜನರಿದ್ದರೆ ನನ್ನ ಲೆಕ್ಕಕ್ಕೆ ನೂರ ಇಪ್ಪತ್ತು ಕೂಸು. ಒಂದಕ್ಕೂ ಟಿಕೆಟ್ ಇಲ್ಲ.

ಈ ಕೂಸನ್ನು ಮೊದಲು ಕಂಡವರು ಫ್ರಾನ್ಸಿನ ಲಿಯಾನ್ ಊರಿನ ಡಾಕ್ಟರು ಪಾಲ್ ನೋಜಿಯೆ. 1950ರ ದಶಕದ ಮೊದಲಲ್ಲಿ ಅವರ ಹತ್ತಿರ ಬರುತ್ತಿದ್ದ ಕೆಲವು ರೋಗಿಗಳ ಕಿವಿಯಲ್ಲಿ ಒಂದೇ ಜಾಗದಲ್ಲಿ ಸುಟ್ಟ ಗಾಯದ ಗುರುತು ಇರುತ್ತಿತ್ತು. ವಿಚಾರಿಸಿದರೆ, ಮಾರ್ಸೇ ಊರಿನ ಒಬ್ಬ ಹೆಂಗಸು ಸಯಾಟಿಕಾ ನೋವಿಗೆಂದು ಅಲ್ಲಿ ಸುಡುತ್ತಾಳೆ, ನೋವು ಹೋಯಿತು ಅಂದರಂತೆ. ನೋಜಿಯೆ ತಲೆ ಕೆರೆದುಕೊಂಡು, ಒಂದೊಂದೇ ಬಿಂದು ಒತ್ತಿ ನೋಡಿ, ಕಡೆಗೆ 1957ರಲ್ಲಿ ಕೂಸಿನ ನಕ್ಷೆಯನ್ನು ಪ್ರಕಟಿಸಿಯೇಬಿಟ್ಟರು. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಎಳೆಯುತ್ತಿದ್ದರು. ಅದನ್ನು ಯಾರೂ ನಕ್ಷೆ ಬರೆದು ಪ್ರಕಟಿಸಲಿಲ್ಲ. ನಕ್ಷೆ ಬರೆದವನದೇ ವಿದ್ಯೆ. ಚೀನಾದವರು ನೋಜಿಯೆ ಬರೆದದ್ದನ್ನು ನೋಡಿದ ಕೂಡಲೇ ತಮ್ಮ ಸೂಜಿಚಿಕಿತ್ಸೆಗೆ ಸೇರಿಸಿಕೊಂಡು ಬಿಂದುಗಳನ್ನು ಇನ್ನಷ್ಟು ಬೆಳೆಸಿದರು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದೇ ಲಿಯಾನಿನಲ್ಲಿ ಸಭೆ ಸೇರಿಸಿ, ಕಿವಿಯ ಬಿಂದುಗಳನ್ನು ಎಲ್ಲರೂ ಒಂದೇ ಹೆಸರಿನಿಂದ ಕರೆಯಿರಪ್ಪಾ ಎಂದು ಪಂಚಾಯ್ತಿ ಮಾಡಿತು.

ಇಷ್ಟೆಲ್ಲ ದೇಶ ತಿರುಗಿದ ಕೂಸನ್ನು ಪುಲಿಕೇಶಿನಗರದ ನಮ್ಮ ಮನೆಗೆ ತಂದುಬಿಟ್ಟವರು ನನ್ನ ಷಡ್ಡಕರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ದೇಹದ ಒಂದೊಂದು ಅಂಗಕ್ಕೆ ಒಂದೊಂದು ವರ್ಷ ಮೀಸಲಿಟ್ಟಿದ್ದಾರೆ. ಹೋದ ವರ್ಷ ಪಾದ. ಆಗ ನಾವೆಲ್ಲ ಮುಳ್ಳುಮುಳ್ಳಿನ ರಬ್ಬರ್ ಚಪ್ಪಲಿ ಹಾಕಿಕೊಂಡು, ಅಯ್ಯಮ್ಮಾ ಅನ್ನುತ್ತ, ಹಾಲಿನಿಂದ ಅಡುಗೆಮನೆಗೆ ಹೋಗುತ್ತಿದ್ದೆವು. ಈ ವರ್ಷ ಕಿವಿ. ಲ್ಯಾಮಿನೇಟ್ ಮಾಡಿಸಿದ ನಕ್ಷೆಯೊಂದನ್ನು ತಂದು, ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಪಕ್ಕ ತಾವೇ ಮೊಳೆ ಹೊಡೆದು ನೇತುಹಾಕಿ, "ಭಾವಾ, ನಿಮಗೆ ಬೇಕಾದ್ದು ಶೆನ್‌ಮೆನ್" ಅಂದರು. ಕಿವಿಯ ಮೇಲ್ಭಾಗದಲ್ಲಿ ಮೂರು ಮೂಲೆಯ ಒಂದು ಸಣ್ಣ ಗುಳಿ ಇದೆ. ಅದರಲ್ಲಿ ಆ ಬಿಂದು. ಮನಸ್ಸಿನ ಬಾಗಿಲು ಅದೇ, ಒತ್ತಿದರೆ ಟೆನ್ಷನ್ ಹೊರಗೆ ಹೋಗುತ್ತದೆ ಎಂದು ಭರವಸೆ. ಚೀನಾದಲ್ಲಿ ಯಾವುದೋ ಗಿಡದ ಬೀಜವನ್ನು ಆ ಜಾಗಕ್ಕೆ ಪ್ಲಾಸ್ಟರಿನಲ್ಲಿ ಅಂಟಿಸಿ ಆಗಾಗ ಒತ್ತುತ್ತಾರೆ. ನಮಗೆ ಮೆಂತ್ಯ ಸಾಕು. ನಾನು ರಾಗಿಯಿಂದ ಶುರು ಮಾಡಿದೆ, ಸ್ವದೇಶಾಭಿಮಾನ. ಅದು ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ಆಮೇಲೆ ಮೆಂತ್ಯ ಅಂಟಿಸಿಕೊಂಡೆ. ಸ್ನಾನ ಮಾಡಿ, ಮರೆತು, ಮತ್ತೆ ಸ್ನಾನ ಮಾಡಿ, ಪ್ಲಾಸ್ಟರ್ ಕಿತ್ತಾಗ ಕಾಳು ಉಬ್ಬಿ ಬಿರಿದಿತ್ತು. "ಇನ್ನೆರಡು ದಿನ ಬಿಟ್ಟಿದ್ರೆ ಸೊಪ್ಪು ಬರ್ತಿತ್ತು ಕಣ್ರೀ, ಪಪ್ಪುಗೆ ಹಾಕ್ತಿದ್ದೆ" ಅಂದಳು ನನ್ನವಳು.

ನನಗೇನು ಅಂಥ ಟೆನ್ಷನ್ ಎಂದು ಕೇಳುವವರು ಇಲ್ಲಿ ಬಂದು ಒಂದು ಸಂಜೆ ಇರಬೇಕು. ನಮ್ಮದು ಆರೋಗ್ಯಕ್ಕೆಂದೇ ಹುಟ್ಟಿದ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ದಂಡಿನ ಪ್ರದೇಶದ ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಸತ್ತ ಮೇಲೆ, ಗಾಳಿ ಬೆಳಕು ಆಡುವ ಅಗಲ ರಸ್ತೆಗಳ ಊರೊಂದು ಬೇಕೆಂದು ಇದನ್ನು ಕಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಿ ಆಮೇಲೆ ಮೈಸೂರಿನ ರೆಸಿಡೆಂಟ್ ಆದ ಫ್ರೇಸರ್ ಸಾಹೇಬರ ಹೆಸರಿಟ್ಟರು. 1988ರಲ್ಲಿ ಹೆಸರು ಪುಲಿಕೇಶಿಯದಾಯಿತು. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನೇ ತಡೆದ ಚಕ್ರವರ್ತಿಗೆ ಆಟೋದವರ ಬಾಯಿಂದ ಫ್ರೇಜರ್ ಟೌನ್ ಬಿಡಿಸುವುದು ಇನ್ನೂ ಆಗಿಲ್ಲ. ಆಗಿನ ಮುನಿಸಿಪಲ್ ಎಂಜಿನಿಯರ್ ಸ್ಟೀಫನ್ಸ್ 1914ರಲ್ಲಿ ಬೆಂಗಳೂರಿನಲ್ಲಿ ಪ್ಲೇಗು ನುಗ್ಗದಂಥ ಊರು ಕಟ್ಟುವ ಬಗ್ಗೆ ಪುಸ್ತಕವನ್ನೇ ಬರೆದ. ಪುಣ್ಯಾತ್ಮ, ಇಲಿ ಬಾರದ ಹಾಗೆ ಯೋಚಿಸಿದ, ಹಾರ್ನ್ ಬಾರದ ಹಾಗೆ ಯೋಚಿಸಲಿಲ್ಲ. ಅವನ ಹೆಸರಿನ ರಸ್ತೆಯಲ್ಲೇ ನನಗೆ ಅತಿ ಹೆಚ್ಚು ಹಾರ್ನ್ ಕೇಳಿಸುತ್ತದೆ. ಇದರ ಮೇಲೆ ನಮ್ಮ ಡಾಕ್ಟರು ಬಿ.ಪಿ. ನೋಡಿ, ಮಾತ್ರೆ ಬರೆದುಕೊಟ್ಟು, "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಅಂದರು. ಎಲ್ಲಿ ಸಿಗುತ್ತದೆ ಅದು, ಕಮ್ಮಿ ಟೆನ್ಷನ್ನು?

ಅದಕ್ಕೇ ಕಿವಿ ಹಿಡಿದದ್ದು. ಇದಕ್ಕೆ ಚಾಪೆ ಬೇಡ, ಚಡ್ಡಿ ಬೇಡ, ಹೊಟ್ಟೆ ಖಾಲಿ ಇರಬೇಕಿಲ್ಲ, ಬೊಜ್ಜು ಅಡ್ಡ ಬರುವುದಿಲ್ಲ. ಬ್ಯಾಂಕಿನ ಕ್ಯೂನಲ್ಲಿ, ಬಸ್ಸಿನಲ್ಲಿ, ಮಾತು ಮುಗಿಸದ ನೆಂಟರ ಎದುರಿನಲ್ಲಿ, ಎಲ್ಲೆಂದರಲ್ಲಿ ಮಾಡಬಹುದು.

ಹಾಗಂದುಕೊಂಡಿದ್ದೆ.

ರಂಜಾನ್ ತಿಂಗಳ ಒಂದು ಸಂಜೆ. ಬನ್ನು ತರಲು ಮಾಸ್ಕ್ ರೋಡಿಗೆ ಹೊರಟೆ. ಆ ತಿಂಗಳು ಅಲ್ಲಿ ಸಂಜೆಯಾದ ಮೇಲೆ ರಸ್ತೆ ಎಂಬುದು ಇರುವುದಿಲ್ಲ, ಹಲೀಮ್ ಹಂಡೆಗಳ ಮಧ್ಯೆ ಜನ ಇರುತ್ತಾರೆ, ಜನರ ಮಧ್ಯೆ ಕಾರುಗಳು ಇರುತ್ತವೆ, ಮಲ್ಲೇಶ್ವರದಿಂದ ಜಯನಗರದಿಂದ ಕಬಾಬು ತಿನ್ನಲು ಬಂದವರವು. ಅಂಥದೊಂದು ಕಾರು ನನ್ನ ಬಲಗಿವಿಯ ಪಕ್ಕಕ್ಕೇ ಬಂದು ಹಾರ್ನ್ ಹೊಡೆಯಿತು. ಕಿವಿಯಲ್ಲಿದ್ದ ಕೂಸು ಎದ್ದು ಕೂತಿರಬೇಕು. ಎದೆ ಡವಡವ. ಓಹೋ, ಇದೇ ಹೊತ್ತು ಅನ್ನಿಸಿತು. ಫುಟ್‌ಪಾತಿನ ಅಂಚಿಗೆ ಸರಿದು, ನಿಲ್ಲಿಸಿದ್ದ ಒಂದು ಸ್ಕೂಟರಿಗೆ ಒರಗಿ, ಕೈಚೀಲವನ್ನು ಕಾಲುಗಳ ನಡುವೆ ಇಟ್ಟುಕೊಂಡು, ಹೆಬ್ಬೆರಳು ಹಿಂದೆ ತೋರುಬೆರಳು ಮುಂದೆ ಮಾಡಿ ಎರಡೂ ಕಿವಿ ಹಿಡಿದು, ಕಣ್ಣು ಮುಚ್ಚಿದೆ.

ಉಸಿರು ಅರ್ಧ ಎಳೆದಿರಬಹುದು. ಧಡ್ ಎಂದು ಸದ್ದಾಯಿತು. ಯಾವನೋ ಸ್ಕೂಟರಿನವನು ಹಿಂದಕ್ಕೆ ತೆಗೆಯುವಾಗ ಅದೇ ಕಾರಿನ ಬಾಗಿಲಿಗೆ ಗುದ್ದಿ, ಗುಂಪಿನಲ್ಲಿ ಕರಗಿದ್ದ. ಕಾರಿನ ಯಜಮಾನರು ಇಳಿದರು. ಬಾಗಿಲು ನೋಡಿದರು. ಸುತ್ತ ನೋಡಿದರು. ಇಡೀ ಮಾಸ್ಕ್ ರೋಡಿನಲ್ಲಿ ಎರಡೂ ಕಿವಿ ಹಿಡಿದು ನಿಂತಿದ್ದವನು ನಾನೊಬ್ಬನೇ.

"ಏನ್ ಅಂಕಲ್ ಇದು? ಹೊಸ ಗಾಡಿ!"

ನಾನು ಮಾತಾಡಲಿಲ್ಲ. ಉಸಿರು ಪೂರ್ತಿ ಬಿಡುವ ತನಕ ಬಾಯಿ ತೆರೆಯಬಾರದು, ಕೈ ಕದಲಿಸಬಾರದು ಎಂದು ನಕ್ಷೆಯ ಕೆಳಗೆ ಕೆಂಪಕ್ಷರದಲ್ಲಿ ಬರೆದಿದೆ. ನಾನು ಶಿಸ್ತಿನ ಮನುಷ್ಯ. ಒಂದು ಕಣ್ಣು ಮಾತ್ರ ತೆರೆದು ಅವರನ್ನು ನೋಡುತ್ತ, ನಿಧಾನವಾಗಿ, ಬಲು ನಿಧಾನವಾಗಿ ಉಸಿರು ಬಿಟ್ಟೆ. ನೋಡುವವರಿಗೆ ಅದು ಪಶ್ಚಾತ್ತಾಪದ ನಿಟ್ಟುಸಿರಾಗಿ ಕಂಡಿತು.

"ಜಾನೇ ದೇವ್ ಭಾಯ್, ಬಡೇಮಿಯಾ ಕಾನ್ ಪಕಡ್ ಲಿಯೇ ನಾ" ಎಂದ ಸಮೋಸದ ಬಾಣಲೆಯ ಹಿಂದಿನವನು. "ಪಾವಂಪ್ಪಾ, ಪೆರಿಯವರು, ವಿಟ್ಟುಡುಪ್ಪಾ" ಎಂದರು ಹೂವಿನ ಬುಟ್ಟಿಯ ಅಜ್ಜಿ. "ಈ ವಯಸ್ಸಲ್ಲಿ ರೋಡಲ್ಲಿ ನಿಂತು ಎರಡೂ ಕಿವಿ ಹಿಡ್ಕೊಂಡಿದಾರೆ ಸಾರ್, ಇನ್ನೇನ್ ಮಾಡ್ಬೇಕು ಅವ್ರು?" ಎಂದ ಬೈಕಿನ ಹುಡುಗ. ನಮ್ಮ ಬಡಾವಣೆಯ ಮೂರೂ ಭಾಷೆ ನನ್ನ ಪರ ವಕಾಲತ್ತು ವಹಿಸಿದ್ದು ಕಂಡು ನನಗೆ ಗಂಟಲು ಕಟ್ಟಿತು. ಕೈ ಇನ್ನೂ ಬಿಗಿಯಾಯಿತು. ಅದನ್ನು ಕಂಡು ಅವರ ವಾದವೂ ಬಿಗಿಯಾಯಿತು.

ಗುಂಪಿನಲ್ಲಿ ಬುದ್ಧಿವಂತನೊಬ್ಬ ಇದ್ದೇ ಇರುತ್ತಾನೆ. "ಅಂಕಲ್ ಗಾಡಿ ಎಲ್ಲಿ?" ಎಂದು ಕೇಳಿದ. ನಾನು ಒರಗಿದ್ದ ಸ್ಕೂಟರನ್ನು ಎಲ್ಲರೂ ತೋರಿಸಿದರು. ಅಷ್ಟು ಹೊತ್ತಿಗೆ ಸರಿಯಾಗಿ ಆ ಸ್ಕೂಟರಿನ ನಿಜವಾದ ಯಜಮಾನ ಬಿರಿಯಾನಿ ಪಾರ್ಸಲ್ ಹಿಡಿದು ಬಂದ. ತನ್ನ ಗಾಡಿಯ ಸುತ್ತ ಜನ, ನಡುವೆ ಕಿವಿ ಹಿಡಿದ ಮುದುಕ, ಎದುರಿಗೆ ಕೆಂಡಾಮಂಡಲವಾದ ಕಾರಿನವರು. ಏನು ತಿಳಿದುಕೊಂಡನೋ, ಪಾರ್ಸಲನ್ನು ಕಂಕುಳಿಗೆ ತೂರಿಸಿ ಅವನೂ ಒಂದು ಕಿವಿ ಹಿಡಿದುಕೊಂಡು, "ಸಾರಿ ಸಾರ್, ನೋ ಪಾರ್ಕಿಂಗ್ ಅಂತ ಗೊತ್ತಿತ್ತು, ಎರಡೇ ನಿಮಿಷ ಅಂತ ನಿಲ್ಸಿದ್ದೆ" ಅಂದ. ಈಗ ನಾವಿಬ್ಬರು, ಕಿವಿ ಮೂರು. ಕಾರಿನವರಿಗೆ ಯಾರ ಮೇಲೆ ಕೂಗಬೇಕೋ ತಿಳಿಯಲಿಲ್ಲ. ಗುಂಪು ಅವರ ಮುಖವನ್ನೇ ನೋಡುತ್ತಿತ್ತು. ಮೊದಲು ಭುಜ ಇಳಿಯಿತು, ಆಮೇಲೆ ದನಿ ಇಳಿಯಿತು, ಕಡೆಗೆ ಎದೆ ಮಾತ್ರ ಉಬ್ಬಿತು. "ಆಯ್ತು ಹೋಗ್ಲಿ ಬಿಡಿ. ಹಿರಿಯರು. ಕಿವಿ ಬಿಡಿ ಅಂಕಲ್."

ಬಿಟ್ಟೆ. "ತಪ್ಪಾಯ್ತಪ್ಪ" ಎಂದೂ ಸೇರಿಸಿದೆ. ಯಾಕೆ ಅಂದೆನೋ. ಅಲ್ಲಿ ಅದೊಂದು ಮಾತಿಗೆ ಖಾಲಿ ಜಾಗ ಇತ್ತು, ತುಂಬಿದೆ. ಸಮೋಸದವನು ಚಹಾ ತರಿಸಿದ. ಕಾರಿನವರೇ ಗ್ಲಾಸು ಕೈಗೆ ಕೊಟ್ಟರು. ಅಯ್ಯೋ, ಆ ಹಗುರವನ್ನು ಏನೆಂದು ಹೇಳಲಿ! ಮಾಡಿದ ತಪ್ಪಿಗೆ ಸಿಗುವ ಕ್ಷಮೆ ಬ್ಯಾಂಕಿನ ಸಾಲದ ಹಾಗೆ, ಮನೆಯವರು ವರ್ಷಗಟ್ಟಲೆ ಬಡ್ಡಿ ವಸೂಲು ಮಾಡುತ್ತಾರೆ. ಮಾಡದ ತಪ್ಪಿಗೆ, ಗುರುತಿಲ್ಲದವರಿಂದ, ಚಹಾ ಸಮೇತ ಸಿಕ್ಕಿದ ಕ್ಷಮೆಗೆ ಯಾವ ಕಂತೂ ಇಲ್ಲ. ಬನ್ನು ಮರೆತು ಮನೆಗೆ ಬಂದು ಬಿ.ಪಿ. ಯಂತ್ರ ಕಟ್ಟಿಕೊಂಡು ನೋಡಿದರೆ, ತಿಂಗಳುಗಳಿಂದ ಕಾಣದಷ್ಟು ಕಡಿಮೆ.

ಷಡ್ಡಕರು ಅದನ್ನು ಶೆನ್‌ಮೆನ್ ಖಾತೆಗೆ ಜಮಾ ಮಾಡಿಕೊಂಡರು. ನನಗೆ ಅನುಮಾನ. ಒತ್ತಿದ್ದರಿಂದ ಇಳಿಯಿತೋ, ಕ್ಷಮಿಸಿದ್ದರಿಂದ ಇಳಿಯಿತೋ, ಸಕ್ಕರೆ ಜಾಸ್ತಿ ಹಾಕಿದ ಆ ಚಹಾದಿಂದಲೋ? ಕಿವಿಚಿಕಿತ್ಸೆಗೆ ಹಿಂದಿನಿಂದಲೂ ಇದೇ ತೊಡಕು. ನೋವಿನ ಅಧ್ಯಯನದಲ್ಲಿ ದೊಡ್ಡ ಹೆಸರಾದ ಮೆಲ್ಜಾಕ್, ಕಾಟ್ಜ್ ಎಂಬವರ ಜೊತೆ ಸೇರಿ 1984ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಇದನ್ನು ಬರೆದರು. ಬಹುಕಾಲದಿಂದ ನೋವಿನಲ್ಲಿ ನರಳುತ್ತಿದ್ದವರ ಕಿವಿಗೆ ನಿಜವಾದ ಚಿಕಿತ್ಸೆ ಕೊಟ್ಟು ನೋಡಿದರು, ಸುಳ್ಳು ಚಿಕಿತ್ಸೆಯನ್ನೂ ಕೊಟ್ಟು ನೋಡಿದರು. ನಿಜದ್ದು ಸುಳ್ಳಿಗಿಂತ ಹೆಚ್ಚೇನೂ ಮಾಡಲಿಲ್ಲ. ಹಾಗೆಂದು ಕಿವಿ ಬರೀ ಸೊಪ್ಪಲ್ಲ. ಎದೆ, ಹೊಟ್ಟೆಗಳ ತನಕ ಇಳಿದು ಹೃದಯಕ್ಕೆ ನಿಧಾನ ಹೇಳುವ ವೇಗಸ್ ಎಂಬ ನರದ ಒಂದು ಕವಲು ಚರ್ಮಕ್ಕೆ ಮುಖ ತೋರುವುದು ಕಿವಿಯಲ್ಲಿ. ಕೋಳಿಗರಿ ಹಾಕಿ ಕಿವಿ ತಿರುವಿದಾಗ ಕಣ್ಣು ಸುಖಕ್ಕೆ ತಾನಾಗಿ ಮುಚ್ಚುತ್ತದೆ, ಆಗ ಕೆಲವರಿಗೆ ಕೆಮ್ಮು ಬರುವುದು ಆ ನರದ ದಯೆ. ಅಷ್ಟು ಸುಖಕ್ಕೆ ನಕ್ಷೆ ಯಾಕೆ, ಕೋಳಿಗರಿ ಸಾಲದೆ? ಕಿವಿ ಡಾಕ್ಟರು ಅದಕ್ಕೂ ಬೈಯುತ್ತಾರೆ, ಬಿಡಿ.

ಈ ಅನುಮಾನವನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇ ತಡ, ಷಡ್ಡಕರು ಒಂದರ ಹಿಂದೊಂದು ಫಾರ್ವರ್ಡ್ ಹೊಡೆದರು. ಗಣಪತಿಯ ಮುಂದೆ ಕೈ ಕತ್ತರಿ ಮಾಡಿ ಕಿವಿ ಹಿಡಿದು ಬಸ್ಕಿ ಹೊಡೆಯುವುದೂ ಇದೇ ವಿದ್ಯೆಯಂತೆ. ಚೋವಾ ಕೋಕ್ ಸುಯಿ ಎಂಬವರು ಅದನ್ನೇ ಸೂಪರ್ ಬ್ರೈನ್ ಯೋಗ ಎಂದು ಪುಸ್ತಕ ಮಾಡಿದ್ದು ಹೌದು. ಮಾಡಲಿ, ಗಣಪತಿ ಬೇಜಾರು ಮಾಡಿಕೊಳ್ಳುವವನಲ್ಲ. ಆದರೆ ಕೊನೆಯ ಫಾರ್ವರ್ಡ್ ಹೀಗಿತ್ತು: ಹಿಂದಿನ ಮೇಷ್ಟ್ರುಗಳು ಸುಮ್ಮನೆ ಕಿವಿ ಹಿಂಡುತ್ತಿರಲಿಲ್ಲ, ಅದು ಮೆದುಳನ್ನು ಚುರುಕು ಮಾಡುವ ವಿಜ್ಞಾನ, ಈಗಿನವರು ಅದನ್ನು ನಿಲ್ಲಿಸಿ ಮಕ್ಕಳನ್ನು ಹಾಳು ಮಾಡಿದರು. ಕೆಳಗೆ ಸಾಲುಸಾಲು ನಮಸ್ಕಾರದ ಕೈಗಳು.

ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಮಗ್ಗಿ ತಪ್ಪಿದ್ದಕ್ಕೆ ಮೇಷ್ಟ್ರು ಕಿವಿ ಹಿಂಡಿದರು. ಅಳಲಿಲ್ಲವೆಂದು ಅದೇ ಕಿವಿಯ ಮೇಲೆ ಬಾರಿಸಿದರು. ಎಡಗಿವಿಯಿಂದ ರಕ್ತ ಬಂತು. ಅವರಪ್ಪ ಮಾರನೆಯ ದಿನ ಶಾಲೆಗೆ ಬಂದು, ಮೇಷ್ಟ್ರಿಗೆ ಕೈಮುಗಿದು, ಚೆನ್ನಾಗಿ ಬುದ್ಧಿ ಹೇಳಿ ಸಾರ್ ಎಂದು ಹೋದರು. ಈಗಲೂ ಮದುವೆ ಮನೆಗಳಲ್ಲಿ ಸಿಕ್ಕರೆ ಅವನು ಖಾಲಿ ಇರುವ ಕುರ್ಚಿಯನ್ನು ಎತ್ತಿಕೊಂಡು ಬಂದು ನನ್ನ ಎಡಕ್ಕೆ ಹಾಕಿಕೊಂಡು ಕೂರುತ್ತಾನೆ, ಬಲಗಿವಿ ನನ್ನ ಕಡೆ ಇರಲಿ ಎಂದು. 2009ರ ಶಿಕ್ಷಣ ಹಕ್ಕು ಕಾಯಿದೆ ಹೊಡೆಯುವುದನ್ನು ನಿಷೇಧಿಸಿತು. ಅವನಿಗೆ ತೀರ ತಡವಾಗಿ. ಆ ಮೇಷ್ಟ್ರು ಒತ್ತಿದ್ದು ಯಾವ ಬಿಂದು, ನಕ್ಷೆ ನೋಡಿ ಹೇಳಿ ಎಂದು ಗುಂಪಿಗೆ ಬರೆದೆ. ಅರ್ಧ ಗಂಟೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಯಾರೋ ಗುಲಾಬಿ ಹೂವಿನ ಶುಭರಾತ್ರಿ ಹಾಕಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಸಮಾಧಾನಕ್ಕೆ ಕಿವಿ ಹಿಡಿಯಲೂ ಮನಸ್ಸಾಗಲಿಲ್ಲ.

ಅಭ್ಯಾಸ ಮಾತ್ರ ಬಿಟ್ಟಿಲ್ಲ. ಬೀದಿಯಲ್ಲಿ ಮಾಡುವುದಿಲ್ಲ, ಮನೆಯಲ್ಲೇ. ಮನೆಯಲ್ಲಿ ಬೇರೆ ಪಾಡು. ನಾನು ಎರಡೂ ಕಿವಿ ಹಿಡಿದು ಕಣ್ಣು ಮುಚ್ಚಿ ಕೂತದ್ದು ಕಂಡರೆ ಸಾಕು, ನನ್ನವಳು ಕೈಲಿದ್ದ ಸೌಟನ್ನು ಹಾಗೇ ಹಿಡಿದು ಬಂದು, "ಏನ್ ಮಾಡಿದ್ರಿ ಈಗ?" ಅನ್ನುತ್ತಾಳೆ. ಏನಿಲ್ಲ ಕಣೇ, ಶೆನ್‌ಮೆನ್ ಅಂದರೆ ನಂಬುವುದಿಲ್ಲ. ಗ್ಯಾಸ್ ಆರಿದೆಯೇ, ಮೇಲಿನ ಟ್ಯಾಂಕ್ ತುಂಬಿ ಸುರಿಯುತ್ತಿದೆಯೇ, ಫ್ರಿಜ್ಜಿನ ಬಾಗಿಲು ಹಾಕಿದೆಯೇ, ಒಂದು ಸುತ್ತು ತಪಾಸಣೆ ಆಗುತ್ತದೆ. ಹುಡುಕಿದರೆ ಯಾವ ಸಂಸಾರದಲ್ಲಿ ಏನು ಸಿಗುವುದಿಲ್ಲ? ಮೊನ್ನೆ ಪೇಪರಿನ ಕಟ್ಟಿನ ಕೆಳಗಿಂದ ಬೆಸ್ಕಾಂ ಬಿಲ್ಲು ಎಳೆದು ತಂದು ಮುಖಕ್ಕೆ ಹಿಡಿದಳು. ಕಟ್ಟಲು ಕಡೆಯ ದಿನ ದಾಟಿ ಹೋಗಿತ್ತು.

ನಾನು ಕೈ ತೆಗೆಯಲಿಲ್ಲ. ಹೇಗೂ ಹಿಡಿದೇ ಇದ್ದೆನಲ್ಲ.